ಉಬ್ಬಿದ ಬ್ಯಾಟರಿ ಮತ್ತು ಒಂದು ರಿಂಗ್‌ಟೋನ್

ಊರಿನಿಂದ ದೋಹಾಕ್ಕೆ ಮರಳಿ, ಐನ್ ಖಾಲಿದ್ ಬಡಾವಣೆಯ ನಮ್ಮ ಮನೆ ಬಾಗಿಲು ತೆಗೆದಾಗ ನಾನು ಮೊದಲು ಓಡಿದ್ದು ಎಸಿ ಹಾಕಲಿಕ್ಕಲ್ಲ. ಫೋನ್ ನೋಡಲಿಕ್ಕೆ. ನನ್ನದಲ್ಲ, ನನ್ನ ಗಂಡನ ಫೋನ್. ಚಾರ್ಜರಿಗೆ ಸಿಕ್ಕಿಸಿಟ್ಟು ರಜೆಗೆ ಹೋಗಿದ್ದೆ. ಅದರ ಬೆನ್ನು ಪೂರಿಯ ಹಾಗೆ ಉಬ್ಬಿ, ಗಾಜು ಒಂದು ಬದಿಯಲ್ಲಿ ಎದ್ದಿತ್ತು. ಆದರೆ ಫೋನ್ ಇನ್ನೂ ಆನ್ ಇತ್ತು.

ಸದಾನಂದರು ತೀರಿಹೋಗಿ ಒಂದೂವರೆ ವರ್ಷವಾಯಿತು. (ಈ ಅಂಕಣದಲ್ಲಿ ಆಗಾಗ ಬಂದು ನಿಮ್ಮನ್ನು ನಗಿಸುತ್ತಿದ್ದ 'ನಮ್ಮ ಮನೆಯ ವಿಜ್ಞಾನಿ' ಅವರೇ.) ಅವರ ಫೋನಿನ ಪಾಸ್‌ವರ್ಡ್ ನನಗೆ ಗೊತ್ತಿಲ್ಲ. ಅವರು ಬೆರಳಿಟ್ಟು ತೆಗೆಯುತ್ತಿದ್ದರು, ನಾನು ಕೇಳಿರಲಿಲ್ಲ. ಗಂಡನ ಫೋನ್ ಮುಟ್ಟದವಳು ಎಂಬ ದೊಡ್ಡಸ್ತಿಕೆ ಬೇರೆ!

ಲಾಕ್ ಆದ ಫೋನ್ ಯಾಕೆ ಬೇಕು? ನಾನು ಕಾಲ್ ಮಾಡಿದರೆ ಅದು ಅವರ ದನಿಯಲ್ಲಿ ಕೂಗುತ್ತದೆ, ಅದಕ್ಕೆ. ನನ್ನ ನಂಬರಿಗೆಂದೇ ಅವರು ತಮಾಷೆಗೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ರಿಂಗ್‌ಟೋನ್. "ಮಾರಾಯ ಸದಾ, ಫೋನ್ ತೆಗಿ. ಹೆಂಡ್ತಿ. ಮತ್ತೆ ಬೈಗಳು ತಿಂದ್ರೆ ನನ್ನನ್ನು ಕೇಳ್ಬೇಡ."

ಇದು ಅವರ ಆಫೀಸ್ ಮೀಟಿಂಗ್‌ನಲ್ಲೂ ಕೂಗಿ ನನ್ನ ಮಾನ ಕಳೆದಿದೆ. ತೆಗೆಯಿರಿ ಎಂದು ಜಗಳ ಮಾಡಿದವಳೂ ನಾನೇ. ಈಗ ದಿನಾ ಸಂಜೆ ಚಹಾ ಹಿಡಿದು ಕುಳಿತು, ಪಕ್ಕದಲ್ಲೇ ಇರುವ ಆ ಫೋನಿಗೆ ಕಾಲ್ ಮಾಡುತ್ತೇನೆ. ಹುಚ್ಚು ಅನ್ನುತ್ತೀರಾ? ಅನ್ನಿ.

ಒಮ್ಮೆ ಆಫ್ ಆದರೆ ಕಥೆ ಮುಗಿಯಿತು ಎಂದು ಗೊತ್ತಿದ್ದವರು ಹೇಳಿದ್ದರು. ಮತ್ತೆ ಆನ್ ಮಾಡಿದರೂ ಪಾಸ್‌ವರ್ಡ್ ಕೊಡುವ ತನಕ ಅದು ಹೆಸರುಗಳನ್ನೂ ತೆರೆಯುವುದಿಲ್ಲ, ರಿಂಗ್‌ಟೋನನ್ನೂ ತೆರೆಯುವುದಿಲ್ಲವಂತೆ. ಆ ಹೆದರಿಕೆಗೆ ಒಂದು ದಿನವೂ ಚಾರ್ಜರಿನಿಂದ ಕಿತ್ತವಳಲ್ಲ. ರಜೆಗೆ ಒಯ್ಯೋಣವೆಂದರೆ ಇಲ್ಲಿಯ ಸಿಮ್ ಊರಿನಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಗಲ್ಫಿನವರೆಲ್ಲ ಮಾಡುವಂತೆ ಕಿಟಕಿ ಮುಚ್ಚಿ, ಎಸಿ ಬಂದ್ ಮಾಡಿ ಹೊರಟೆ. ಚಾರ್ಜರಿನ ಸ್ವಿಚ್ ಒಂದನ್ನು ಬಿಟ್ಟು. ಮಂಗಳೂರಿನಿಂದಲೂ ಸಂಜೆ ಕಾಲ್ ಮಾಡುತ್ತಿದ್ದೆ; ನನ್ನ ಊರಿನ ನಂಬರಿಗೂ ಅವರು ಅದೇ ರಿಂಗ್‌ಟೋನ್ ಇಟ್ಟಿದ್ದರು. ನನಗೆ ಕೇಳಿಸದಿದ್ದರೇನು, ಖಾಲಿ ಮನೆಯಲ್ಲಿ ಅವರ ದನಿಯಾದರೂ ಇರಲಿ ಎಂದು.

ಜುಲೈ ತಿಂಗಳ ದೋಹಾ, ಮುಚ್ಚಿದ ಮನೆ, ಸದಾ ತುಂಬಿದ ಬ್ಯಾಟರಿ. ಇದನ್ನು ಮಾಡಿದ್ದು ಯಾರ ಹೆಂಡತಿ? ಬ್ಯಾಟರಿಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದವರ ಹೆಂಡತಿ.

ಅವರ ಕೆಲಸ ಸಿಲಿಕಾನ್ ಆನೋಡ್. ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಕೂರುವ ಜಾಗವೇ ಆನೋಡ್. ಸಾಮಾನ್ಯವಾಗಿ ಅದು ಗ್ರಾಫೈಟಿನದು, ಪೆನ್ಸಿಲ್ ಕಡ್ಡಿಯದೇ ಜಾತಿ. ಬದಲಿಗೆ ಸಿಲಿಕಾನ್ ಹಾಕಿದರೆ ಹಲವು ಪಟ್ಟು ಹೆಚ್ಚು ಲಿಥಿಯಂ ಹಿಡಿಯುತ್ತದೆ. ಆದರೆ ಹಿಡಿದಾಗ ಸುಮಾರು ಮೂರು ಪಟ್ಟು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ, ಹಾಗೆ ಉಬ್ಬಿ ಕುಗ್ಗಿ ಒಡೆದುಹೋಗುತ್ತದೆ. ಒಮ್ಮೆ ನಾನು ಡಬ್ಬಿ ತುಂಬ ಕಡಲೆ ನೆನೆಹಾಕಿ ಬೆಳಿಗ್ಗೆ ಮುಚ್ಚಳ ಹಾರಿದ್ದಾಗ ಅವರು ನಕ್ಕು ಹೇಳಿದ್ದರು, "ನೋಡು, ನನ್ನ ಲ್ಯಾಬಿನ ಸಮಸ್ಯೆ ಇಷ್ಟೇ. ಉಬ್ಬಲಿಕ್ಕೆ ಜಾಗ ಬಿಡಬೇಕು."

(ಫೋನ್ ಉಬ್ಬಿದ್ದು ಬೇರೆ ಕಾರಣಕ್ಕೆ, ಬಿಸಿಗೆ ಒಳಗೆ ಗ್ಯಾಸ್ ಆಗಿ. ಎರಡನ್ನೂ ಬೆರೆಸಿದರೆ ಅವರು ಸುಮ್ಮನಿರುತ್ತಿರಲಿಲ್ಲ.)

ಇಲ್ಲಿಯ ನಜ್ಮಾ ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಅಶ್ರಫ್ ನಮ್ಮ ವಿಟ್ಲದ ಕಡೆಯವರು. ಫೋನನ್ನು ದೂರದ ಟ್ರೇಯಲ್ಲಿಟ್ಟು ನನ್ನ ಕಥೆಯನ್ನು ಪೂರ್ತಿ ಕೇಳಿದರು. ಆಫ್ ಮಾಡದೆ ಬ್ಯಾಟರಿ ಬದಲಿಸಲು ಆಗುವುದೇ ಇಲ್ಲವೇ ಎಂದು ನಾನು ಮೂರು ಸಲ ಕೇಳಿದೆ.

"ಆಗುದಿಲ್ಲ ಅಕ್ಕ. ಹೀಗೇ ಮನೆಗೆ ಕೊಂಡೋಗ್ಲಿಕ್ಕೂ ನಾನು ಬಿಡುದಿಲ್ಲ. ಬೆಂಕಿ ಹಿಡಿದ್ರೆ ನೀವೂ ಇರುದಿಲ್ಲ."

ಆಮೇಲೆ ಅವರೇ ಅಂಗಡಿಯ ಬಾಗಿಲು ಹಾಕಿದರು. ಸದ್ದು ಬರಬಾರದೆಂದು ಎಸಿ ನಿಲ್ಲಿಸಿದರು. ತಮ್ಮ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಕಾಲ್ ಮಾಡಿ ಎಂದು ನನಗೆ ಸನ್ನೆ ಮಾಡಿದರು. ಮಾಡಿದೆ. ಸದಾನಂದರು ತಮ್ಮನ್ನು ತಾವೇ ಬೈದುಕೊಂಡರು. ಕೊನೆಯ ಸಲ. ಆ ರೆಕಾರ್ಡಿಂಗ್ ಈಗ ನನ್ನಲ್ಲಿದೆ. 'ಬೈಗಳು' ಎಂಬಲ್ಲಿ ನನ್ನ ಅಳು ಸೇರಿಕೊಂಡಿದೆ.

"ಆಫ್ ಮಾಡ್ಲಾ ಅಕ್ಕ?"

ಇಷ್ಟು ದಿನ ಆ ದನಿಯನ್ನು ಹಿಡಿದಿಟ್ಟುಕೊಂಡಿದ್ದೆ. ದುಃಖಕ್ಕೆ ಮಾತ್ರ ಉಬ್ಬಲಿಕ್ಕೆ ಒಂದಿಷ್ಟೂ ಜಾಗ ಬಿಟ್ಟಿರಲಿಲ್ಲ. ಮಾಡಿ ಎಂದೆ.

ಹೊಸ ಬ್ಯಾಟರಿ ಹಾಕಿಸಿ ತಂದಿದ್ದೇನೆ. ನಿನ್ನೆ ಸಂಜೆ ಚಹಾ ಹಿಡಿದು, ಅಭ್ಯಾಸಬಲದಿಂದ ಕಾಲ್ ಮಾಡಿದೆ. ಯಾವುದೋ ಕಂಪನಿ ಟ್ಯೂನ್ ಬಂತು. ಪರದೆಯ ಮೇಲೆ ನನ್ನ ಹೆಸರಿಲ್ಲ, ನನ್ನ ಇಲ್ಲಿಯ ನಂಬರಿನ ಎಂಟು ಅಂಕಿಗಳು ಮಾತ್ರ.

ಕಾಲ್ ಮಾಡುತ್ತಿರುವುದು ಹೆಂಡತಿ ಎಂದು ಅದಕ್ಕೆ ಇನ್ನು ಯಾರು ಹೇಳಬೇಕು?