ಇಬ್ಬರು ಬೀಗರು, ಒಂದೇ ಹೆಸರು

ಬೀಗ ರಿಪೇರಿಯವನ ಅಂಗಡಿ ಎಂಟಡಿ ಉದ್ದ, ಐದಡಿ ಅಗಲ. ಒಳಗೆ ಒಬ್ಬ ಕೂತರೆ ಇನ್ನೊಬ್ಬನಿಗೆ ಜಾಗವಿಲ್ಲ. ಕೂತವನು ಈತನೇ ಆದರೆ ಗಾಳಿಗೂ ಜಾಗವಿಲ್ಲ. ಆರೂಕಾಲು ಅಡಿ ಆಳು, ಕಪಾಟಿನಂಥ ಎದೆ, ಹಿಂಡಿ ಒಣಗಲು ಬಿಟ್ಟ ಬಟ್ಟೆಯ ಹಾಗೆ ಮುದುಡಿದ ಎರಡು ಕಿವಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿ. ಬಂದ ಗಿರಾಕಿ ಮೊದಲು ಕಿವಿ ನೋಡುತ್ತಾನೆ, ಆಮೇಲೆ ಬೀಗ ಕೊಡುತ್ತಾನೆ.

"ಕಿವಿಗೆ ಏನಾಯ್ತು ಯಜಮಾನ್ರೇ?"

"ನಮ್ಮ ಬೀಗರ ಕಿವಿನೂ ಹೀಗೇ ಇದೆ. ಅವರನ್ನೇ ಕೇಳಿ, ಎದುರುಗಡೆ ಬೇಕರಿ."

ಬೇಕರಿಯವನನ್ನು ಕೇಳಿದರೆ ಅವನೂ ಇತ್ತ ಬೆರಳು ತೋರಿಸುತ್ತಾನೆ. ಹೊಸಬರು ಇವರ ಮಗಳನ್ನು ಅವರ ಮನೆಗೆ ಕೊಟ್ಟಿರಬೇಕು ಅಂದುಕೊಳ್ಳುತ್ತಾರೆ. ಬೀಗರಾಗಬೇಕಾದರೆ ಎರಡು ಮನೆಗೂ ಸೇರಿ ಒಂದಾದರೂ ಹೆಣ್ಣು ಹುಟ್ಟಬೇಕಲ್ಲ. ಇವನಿಗೆ ಇಬ್ಬರು ಗಂಡು, ಅವನಿಗೆ ಮೂವರು ಗಂಡು. ಆ ಮಾತಿನ ಬೇರು ಬೇರೆಲ್ಲೋ ಇದೆ.

ಇಬ್ಬರ ಹೆಸರೂ ಒಂದೇ. ಅದೇನೂ ದೊಡ್ಡ ಸೋಜಿಗವಲ್ಲ. ಆ ಊರಿನಲ್ಲಿ ಕಲ್ಲೆಸೆದರೆ ಆ ಹೆಸರಿನವನ ತಲೆಯ ಮೇಲೇ ಬೀಳಬೇಕು, ಅಷ್ಟು ಜನ. ಹಲ್ಲಿನ ಡಾಕ್ಟರಿಗೆ ಅದೇ ಹೆಸರು, ಬಸ್ ನಿಲ್ದಾಣದಲ್ಲಿ ಸೀಟಿ ಊದುವವನಿಗೆ ಅದೇ ಹೆಸರು. ಶಾಲೆಯಲ್ಲಿ ಹಾಜರಿ ಕೂಗಿದರೆ ನಾಲ್ಕು ಮಕ್ಕಳು ಎದ್ದು ನಿಲ್ಲುತ್ತಿದ್ದರು, ಒಬ್ಬ ಬರದಿದ್ದರೂ ಮೇಷ್ಟರಿಗೆ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಆ ಹೆಸರು ಕಾಗದಕ್ಕೆ ಮಾತ್ರ, ಬಾಯಿಗೆ ಅಡ್ಡಹೆಸರು. ಬೀಗದವನನ್ನು ಊರು 'ಕೀಲಿ' ಅಂತ ಕರೆಯಿತು, ಬೇಕರಿಯವನನ್ನು 'ಬನ್ನು' ಅಂತ.

ಕೀಲಿ ರಗ್ಬಿಗೆ ಬಂದದ್ದೇ ಒಂದು ತಪ್ಪಿನಿಂದ. ಹದಿನೆಂಟು ವರ್ಷದವನಿದ್ದಾಗ, ಅಪ್ಪನ ಜೊತೆ ಅದೇ ಗೂಡಿನಲ್ಲಿ ಅರ ಉಜ್ಜುತ್ತ ಕೂತಿದ್ದ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಆಟದ ಸಾಮಾನಿನ ಕೋಣೆಯ ಬೀಗ ಹಿಡಿದುಕೊಂಡು ಬಂದರು. ಮಡಚಿಕೊಂಡು ಕೂತಿದ್ದ ಹುಡುಗ ಎದ್ದು ನಿಂತ. ನಿಲ್ಲುತ್ತಲೇ ಹೋದ. ಮೇಷ್ಟ್ರು ಕತ್ತೆತ್ತಿ ನೋಡಿ, "ಏನಪ್ಪಾ, ನಿನ್ನಂಥವನನ್ನ ಈ ಗೂಡಲ್ಲಿ ಮಡಚಿ ಇಟ್ಟಿದಾರಲ್ಲ! ನಾಳೆ ಸಂಜೆ ಮೈದಾನಕ್ಕೆ ಬಾ. ನಮ್ಮ ಸಂಘದಲ್ಲಿ ಲಾಕ್ ಜಾಗ ಖಾಲಿ ಇದೆ" ಅಂದರು.

ಮಾರನೆಯ ಸಂಜೆ ಹುಡುಗ ಹೋದ. ಕೈಯಲ್ಲಿ ಸಾಮಾನಿನ ಪೆಟ್ಟಿಗೆ, ಕಂಕುಳಲ್ಲಿ ಅಳತೆ ಪಟ್ಟಿ, ಜೇಬಿನಲ್ಲಿ ಮೂರು ನಮೂನೆಯ ಹೊಸ ಬೀಗ.

"ಎಲ್ಲಿ ಹಾಕ್ಬೇಕು ಸಾರ್?"

"ಏನನ್ನ?"

"ಲಾಕ್."

ಮೈದಾನಕ್ಕೆ ಮೈದಾನವೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಪೆಟ್ಟಿಗೆ ಅಲ್ಲಿಡು. ನಿನ್ನ ತಲೆ ತಗೊಂಡು ಹೋಗಿ ಅಗೋ, ಆ ಇಬ್ಬರ ಸೊಂಟದ ನಡುವೆ ಹಾಕು" ಅಂದರು.

ಆಟ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ರಗ್ಬಿಯಲ್ಲಿ ಸ್ಕ್ರಮ್ ಅಂತ ಒಂದುಂಟು. ಎರಡು ಕಡೆಯಿಂದ ಎಂಟೆಂಟು ಜನ ತಲೆ ತಗ್ಗಿಸಿ, ನಡುವೆ ಬಿಟ್ಟ ಚೆಂಡಿಗಾಗಿ ಗೂಳಿಗಳ ಹಾಗೆ ನೂಕಾಡುತ್ತಾರೆ. ಮುಂದೆ ಮೂವರು. ಅವರ ಬೆನ್ನಿಗೆ ಇಬ್ಬರು, ಇವರೇ ಲಾಕ್‌ಗಳು. ಇವರು ಒಬ್ಬರನ್ನೊಬ್ಬರು ತೋಳಿನಿಂದ ಬಿಗಿದು ಕಟ್ಟಿಕೊಂಡು, ಮುಂದಿನವರ ಸೊಂಟದ ಸಂದಿಯಲ್ಲಿ ತಲೆ ತೂರಿಸಿ, ಹಿಂದಿನ ಬಲವನ್ನೆಲ್ಲ ಮುಂದಕ್ಕೆ ದಾಟಿಸಬೇಕು. ಬೆನ್ನು ತಗ್ಗಿದಷ್ಟೂ ನೂಕಿಗೆ ಬಲ. ಕಿವಿ ಮುದುಡುವುದು ಅಲ್ಲಿಯೇ. ಆ ಸಂದಿಯೊಳಗೆ ಬೆಳಕಿಲ್ಲ, ಗಾಳಿಯಿಲ್ಲ. ಪಕ್ಕದವನ ಉಸಿರೊಂದೇ ಗುರುತು.

ಕೀಲಿಯ ಪಕ್ಕಕ್ಕೆ ಬಂದ ಉಸಿರಿಗೆ ಯೀಸ್ಟಿನ ವಾಸನೆಯಿತ್ತು. ಅದು ಬನ್ನು. ವಯಸ್ಸಿನಲ್ಲಿ ಐದು ವರ್ಷ ದೊಡ್ಡವನು, ಹಿಟ್ಟು ನಾದಿ ನಾದಿ ತೊಡೆಯಂಥ ತೋಳು ಬೆಳೆಸಿದವನು. ಮೊದಲ ವಾರ ಇಬ್ಬರಿಗೂ ಒಂದು ಮುಜುಗರ. ತನ್ನ ಹೆಸರನ್ನು ತಾನೇ ಕೂಗಿ ಇನ್ನೊಬ್ಬನನ್ನು ಕರೆಯುವುದು ಹೇಗೆ? ಕನ್ನಡಿಯ ಜೊತೆ ಮಾತಾಡಿದ ಹಾಗಾಗುತ್ತದೆ. ಬನ್ನುವೇ ಒಂದು ದಿನ, "ಲಾಕ್ ಅಂದ್ರೆ ಬೀಗ. ನೀವೊಂದು ಬೀಗ, ನಾನೊಂದು ಬೀಗ. ಅಲ್ಲಿಗೆ ನಾವು ಬೀಗರು!" ಅಂದ. ಅಂದಿನಿಂದ 'ಬೀಗರೇ, ಬನ್ನಿ', 'ಬೀಗರೇ, ಸ್ವಲ್ಪ ಬಗ್ಗಿ'. ಮದುವೆ ಮನೆಯಲ್ಲೂ ಇಲ್ಲದ ಮರ್ಯಾದೆ ಕೆಸರಿನಲ್ಲಿ ನಡೆಯಿತು. ಜಗಳ ಬಂದಾಗ ಮಾತ್ರ 'ನೀವು' ಉದುರಿ 'ನೀನು' ಆಗುತ್ತಿತ್ತು.

ಹತ್ತು ವರ್ಷ ಹೀಗೇ ನೂಕಿದರು. ಕೀಲಿಗೆ ಮದುವೆಯಾಯಿತು, ಬನ್ನುವಿಗೆ ಮೂರನೆಯ ಮಗನಾಯಿತು. ಕೀಲಿಗೆ ಇಪ್ಪತ್ತೆಂಟು, ಬನ್ನುವಿಗೆ ಮೂವತ್ತಮೂರು ತುಂಬಿದ ವರ್ಷ ಪ್ರಾಂತ್ಯದ ತಂಡದ ದೊಡ್ಡ ತರಬೇತುದಾರರು ಇವರ ಒಂದು ಪಂದ್ಯ ನೋಡಿ, ಏನೂ ಹೇಳದೆ, ಒಂದು ಚೀಟಿಯಲ್ಲಿ ಏನೋ ಬರೆದುಕೊಂಡು ಹೋದರು. ಮೂರು ವಾರದ ಮೇಲೆ, ಒಂದು ಗುರುವಾರ, ಮೇಷ್ಟರ ಕೈಗೆ ಟೈಪು ಮಾಡಿದ ಪಟ್ಟಿ ಬಂತು. ಸೋಮವಾರ ಬೆಳಗ್ಗೆ ಎಂಟಕ್ಕೆ ಆಯ್ಕೆ ಶಿಬಿರ.

ಮೇಷ್ಟ್ರು ಮೈದಾನದಲ್ಲಿ ನಿಂತು ಓದಿದರು. ಆ ಹೆಸರು ಬಂತು, ಮುಂದೆ ಸಂಘದ ಹೆಸರೂ ಬಂತು. ಹುಡುಗರು ಕೇಕೆ ಹಾಕಿದರು. ಮೇಷ್ಟ್ರು ಮುಂದಿನದನ್ನು ಓದಿದರು. ಅದು ಬೇರೆ ಯಾವುದೋ ಊರಿನ ಬೇರೆ ಯಾರೋ. ಕೇಕೆ ನಿಂತಿತು.

ಒಂದೇ ಸಲ. ಯಾರು? ಪಟ್ಟಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು.

"ಇದರಲ್ಲಿ ಕೇಳೋದೇನಿದೆ?" ಅಂತ ಬನ್ನುವೇ ಮೊದಲು ಬಾಯಿಬಿಟ್ಟ. "ಬೀಗರೇ, ನೀವೇ. ವಯಸ್ಸಿನ ಹುಡುಗನ್ನ ಬಿಟ್ಟು ಈ ಮುದಿ ಎತ್ತನ್ನ ಯಾರು ಕರೀತಾರೆ?" ನಗುತ್ತಲೇ ಅಂದ. ಆದರೆ ಆವತ್ತು ಮೈ ತೊಳೆಯಲೂ ನಿಲ್ಲದೆ, ಕೆಸರು ಕಾಲಿನಲ್ಲೇ ಸೈಕಲ್ ಹತ್ತಿ ಹೋದ.

ಕೀಲಿಗೆ ಒಳಗೊಳಗೇ ಮುಳ್ಳು ಮುರಿಯಿತು. ಬನ್ನುವಿನ ಬಲ ಮೊಣಕಾಲು ಆಗಲೇ ಮಾತು ಕೇಳುತ್ತಿರಲಿಲ್ಲ. ಇದು ತಪ್ಪಿದರೆ ಅವನಿಗೆ ಮುಂದಿನ ವರ್ಷ ಅನ್ನುವುದಿಲ್ಲ. ತಾನು ಹೋದರೆ ಅವನ ಕರೆಯನ್ನು ಕದ್ದ ಹಾಗೆ, ಹೋಗದಿದ್ದರೆ ತನ್ನದನ್ನೇ ಚರಂಡಿಗೆ ಎಸೆದ ಹಾಗೆ. ಮೇಷ್ಟರಿಂದ ಪಟ್ಟಿ ಇಸಕೊಂಡು ಬಂದು, ಅಂಗಡಿಯಲ್ಲಿ ಕೂತು, ಬೆರಳಿಟ್ಟು ಓದಿದ.

ಬೀಗ ತೆರೆಯುವವನ ಓದು ಬೇರೆ. ತೆರೆಯದ ಬೀಗದೊಳಗೆ ಅವನು ಇರುವುದನ್ನು ಹುಡುಕುವುದಿಲ್ಲ, ಇಲ್ಲದ್ದನ್ನು ಹುಡುಕುತ್ತಾನೆ. ಐದು ಪಿನ್ನು ಇರಬೇಕಾದ ಕಡೆ ನಾಲ್ಕೇ ತಾಗಿದರೆ ಐದನೆಯದು ಎಲ್ಲೋ ಸಿಕ್ಕಿಕೊಂಡಿದೆ ಅಂತ ಅರ್ಥ. ಪಟ್ಟಿಯ ತಲೆಯ ಮೇಲೆ 'ಮೂವತ್ತು ಆಟಗಾರರು' ಅಂತ ಇತ್ತು. ಕೀಲಿ ಎಣಿಸಿದ. ಇಪ್ಪತ್ತೊಂಬತ್ತು. ಕೆಳಗಿಂದ ಮೇಲಕ್ಕೆ ಎಣಿಸಿದ. ಇಪ್ಪತ್ತೊಂಬತ್ತು. ಹೆಂಡತಿಯನ್ನು ಕರೆದು ಎಣಿಸಲು ಹೇಳಿದ.

"ಇಪ್ಪತ್ತೊಂಬತ್ತು. ಯಾಕ್ರೀ?"

"ಒಂದು ಪಿನ್ನು ಸಿಕ್ಕಿಕೊಂಡಿದೆ ಕಣೇ. ಇದರಲ್ಲಿ ನಮ್ಮ ಹೆಸರು ಎರಡು ಸಲ ಇತ್ತು. ಟೈಪು ಮಾಡಿದೋನು ಕೈತಪ್ಪು ಅಂತ ಒಂದನ್ನ ಹೊಡೆದುಹಾಕಿದಾನೆ!"

ಶುಕ್ರವಾರ ಬೆಳಗ್ಗೆ ಸ್ಟೇಷನರಿ ಅಂಗಡಿಯ ಫೋನಿನಿಂದ ತಂಡದ ಕಚೇರಿಗೆ ಮಾತಾಡಿದ. ಆ ಕಡೆ ಗುಮಾಸ್ತ. ಕೀಲಿಗೆ ಗಾಬರಿಯಲ್ಲಿ ನಾಲಿಗೆಗೆ ಬಂದದ್ದು ದಿನನಿತ್ಯದ ಮಾತು.

"ಸಾರ್, ಪಟ್ಟಿಯಲ್ಲಿ ನಮ್ಮ ಬೀಗರ ಹೆಸರು ಬಿಟ್ಟುಹೋಗಿದೆ. ಸೋಮವಾರ ನಾವು ಬೀಗರು ಇಬ್ರೂ ಒಟ್ಟಿಗೆ ಬರ್ತೀವಿ."

"ಬೀಗರಾ? ಇದೇನ್ರೀ ಮದುವೆ ಮನೇನಾ? ಕರೆದಿರೋದು ನಿಮ್ಮನ್ನ. ನೆಂಟರಿಷ್ಟರಿಗೆಲ್ಲ ಇಲ್ಲಿ ಊಟ ವಸತಿ ಇಲ್ಲ."

"ಹಾಗಲ್ಲ ಸಾರ್, ಅವರದೂ ನನ್ನದೂ ಒಂದೇ ಹೆಸರು..."

"ಬೀಗರ ಹೆಸರನ್ನೇ ಇಟ್ಕೊಂಡಿದೀರಾ? ಸಂತೋಷ. ಒಬ್ಬರೇ ಬನ್ನಿ." ಫೋನ್ ಇಟ್ಟೇಬಿಟ್ಟ.

ಕೀಲಿ ನೆಟ್ಟಗೆ ಬೇಕರಿಗೆ ನಡೆದ. ಬನ್ನು ಒಲೆಯಿಂದ ತಟ್ಟೆ ಎಳೆಯುತ್ತಿದ್ದ. ಎಣಿಕೆಯ ಕತೆಯನ್ನು ಪೂರ್ತಿ ಕೇಳಿ, ತಟ್ಟೆಯನ್ನು ಕೊಂಚ ಜೋರಾಗಿಯೇ ಕುಕ್ಕಿದ.

"ಕರೆಯದ ಮನೆ ಬಾಗಿಲಲ್ಲಿ ನಿಲ್ಲೋನು ನಾನಲ್ಲ. ನೀನು ಹೋಗು."

"ನೀನು ಬರದಿದ್ರೆ ನಾನೂ ಹೋಗಲ್ಲ."

"ಓಹೋ! ಆಮೇಲೆ ಸಾಯೋತನಕ ಊರೆಲ್ಲ ನನ್ನ ತೋರಿಸಿ, ಇವನಿಂದ ಅವನು ಕೆಟ್ಟ ಅನ್ನಲಿ ಅಂತಾನಾ? ನಿನ್ನ ದಯ ನನಗೆ ಬೇಡ. ಹೋಗು, ಬ್ರೆಡ್ಡು ಸೀದುಹೋಗುತ್ತೆ."

'ನೀನು'ಗೆ ಇಳಿದ ಮೇಲೆ ಇಬ್ಬರಿಗೂ ಮೇಲೆ ಹತ್ತುವ ಮೆಟ್ಟಿಲು ಕಾಣಲಿಲ್ಲ. ಶನಿವಾರ ಪೂರ್ತಿ ರಸ್ತೆಯ ಈ ಕಡೆ ಇವನು, ಆ ಕಡೆ ಅವನು. ನಡುವೆ ಹನ್ನೆರಡು ಅಡಿ ಡಾಂಬರು. ಕೀಲಿ ಒಂದು ಒಳ್ಳೆಯ ಕೀಲಿಯನ್ನು ಅತಿಯಾಗಿ ಉಜ್ಜಿ ಕೆಡಿಸಿದ. ಬನ್ನು ಎರಡು ತಟ್ಟೆ ಕರಿಕಲು ಮಾಡಿದ. ಎದುರುಬದುರು ಇಬ್ಬರು ಗಂಡಸರು ಮುಖ ಊದಿಸಿಕೊಂಡು ಕೂತರೆ ಬೀದಿಯ ನಾಯಿಗೂ ಬೇಜಾರು.

ಭಾನುವಾರ ಕೀಲಿಯ ಹೆಂಡತಿ ಪಟ್ಟಿಯನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು. ಗಂಡ ಗೂಡಿನೊಳಗಿಂದ ಕತ್ತು ಚಾಚಿ ಕಿವಿಗೊಟ್ಟ. ಅಂಥ ಕಿವಿಯಲ್ಲೂ ಎಲ್ಲ ಕೇಳಿಸಿತು.

"ಅಣ್ಣಾ, ಅರ್ಧ ಬ್ರೆಡ್ಡು ಕೊಡಿ. ಹಾಗೇ ಇದನ್ನೊಂದು ಓದಿ ಹೇಳಿ."

"ಏನಮ್ಮಾ ಅದು?"

"ಇಲ್ಲಿ, ಹನ್ನೊಂದನೇದು. ಇದು ಯಾರ ಹೆಸರು?"

"ನಿನ್ನ ಗಂಡನದು."

"ನಿಮ್ಮದಲ್ವಾ?"

ಬನ್ನು ಬ್ರೆಡ್ಡು ಕಟ್ಟಲು ಕಾಗದ ಹುಡುಕಿದ.

"ಅಪ್ಪ ಅಮ್ಮ ನಿಮಗೆ ಇಟ್ಟ ಹೆಸರು ಇದು ಹೌದೋ ಅಲ್ವೋ ಹೇಳಿ ಅಣ್ಣಾ."

"ಹೌದು."

"ನೀವು ಇದೇ ಸಂಘದೋರು ಹೌದೋ ಅಲ್ವೋ?"

"ಹೌದಮ್ಮಾ."

"ಮತ್ತೆ ಕರೆದಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀರಿ? ಕಾಗದದಲ್ಲಿ ನಿಮ್ಮ ಹೆಸರಿದೆ, ಹೋಗಿ. ಪಾಪ, ಬಿಟ್ಟುಹೋಗಿರೋದು ನಮ್ಮನೆಯವರ ಹೆಸರು. ಅವರನ್ನ ಜೊತೆಗೆ ಕರ್ಕೊಂಡು ಹೋಗಿ ಯಾರಿಗಾದ್ರೂ ಹೇಳಿ ಸೇರಿಸಿ. ಹಿರಿಯೋರು ನೀವೇ ಕೈ ಬಿಟ್ರೆ ಹೇಗೆ?"

ಬನ್ನುವಿನ ಬಾಯಿಗೆ ಬೀಗ ಬಿತ್ತು. ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಂಡ. ಆಮೇಲೆ ರಸ್ತೆಯ ಈಚೆಗೆ ಕೂಗಿದ.

"ಬೀಗರೇ! ನಾಳೆ ಬಸ್ಸು ಎಷ್ಟು ಗಂಟೆಗೆ?"

ಸೋಮವಾರ ಎಂಟಕ್ಕೆ ಹತ್ತು ನಿಮಿಷ ಮುಂಚೆ ಇಬ್ಬರೂ ಶಿಬಿರದ ಮೇಜಿನ ಮುಂದೆ ನಿಂತಿದ್ದರು. ಗುಮಾಸ್ತ ಸಣಕಲು ಮನುಷ್ಯ, ಕಿವಿಯ ಹಿಂದೆ ಒಂದು ಪೆನ್ಸಿಲ್ಲು, ಕೈಯಲ್ಲೊಂದು. ಹಿರಿಯನೆಂದು ಬನ್ನು ಮೊದಲು ಹೆಸರು ಹೇಳಿದ. ಗುಮಾಸ್ತ ಗುರುತು ಹಾಕಿದ. ಆಮೇಲೆ ಕೀಲಿ ಹೇಳಿದ.

"ಅದಕ್ಕೆ ಆಗಲೇ ಗುರುತು ಹಾಕಿದೆನಲ್ರೀ."

"ಅದು ಅವರದು ಸಾರ್. ಇದು ನಂದು."

"ಯಾರ್ರೀ ಅವರು?"

"ನಮ್ಮ ಬೀಗರು."

ಗುಮಾಸ್ತನ ಮುಖ ಕೆಂಪಾಯಿತು. "ಫೋನಲ್ಲಿ ಮಾತಾಡಿದ್ದು ನೀವೇನಾ? ಬೇಡ ಅಂದ್ರೂ ಕರ್ಕೊಂಡೇ ಬಂದ್ರಾ? ಅದೂ ಬೀಗರಿಗೇ ನಿಮ್ಮ ಜಾಗ ಬಿಟ್ಟುಕೊಟ್ಟು?"

"ಸಾರ್, ಕೋಪ ಮಾಡ್ಕೋಬೇಡಿ. ಎಷ್ಟು ಜನ ಬರಬೇಕು?"

"ಮೂವತ್ತು."

"ಒಂದು ಸಲ ಎಣಿಸಿ."

ಗುಮಾಸ್ತ ಪೆನ್ಸಿಲ್ಲಿನ ತುದಿಯಿಂದ ಎಣಿಸಿದ. ಕೊನೆಗೆ ಬಂದು ನಿಂತ. ಮತ್ತೆ ಮೇಲೆ ಹೋದ. ಅಷ್ಟರಲ್ಲಿ ದೊಡ್ಡ ತರಬೇತುದಾರರು ಕೊರಳಲ್ಲಿ ಸೀಟಿ ತೂಗಿಸಿಕೊಂಡು ಬಂದರು. ಅವರ ಕಿವಿಗಳೂ ಮುದುಡಿದ್ದವು.

"ಏನು ಗಲಾಟೆ?"

"ಸಾರ್, ನಿಮ್ಮ ಕೈಬರಹದ ಪಟ್ಟೀಲಿ ಒಂದು ಹೆಸರು ಎರಡು ಸಲ ಬಿದ್ದಿತ್ತು. ಅದೇ ಸಂಘ, ಅದೇ ಹೆಸರು. ನಿಮ್ಮ ಕೈ ಜಾರಿದೆ ಅಂತ ನಾನೇ ತಿದ್ದಿದೆ..." ಗುಮಾಸ್ತನ ದನಿ ಒಂದೊಂದು ಮಾತಿಗೂ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು.

ತರಬೇತುದಾರರು ಇಬ್ಬರನ್ನೂ ಕಾಲಿಂದ ತಲೆಯ ತನಕ ನೋಡಿದರು. "ಜಾರಿದ್ದು ನನ್ನ ಕೈಯಲ್ಲಪ್ಪಾ. ಇವರಲ್ಲಿ ಒಬ್ಬನನ್ನ ಕರೆಸಿ ನಾನೇನು ಮಾಡ್ಲಿ? ಒಂದೇ ಚಪ್ಪಲಿ ಹಾಕ್ಕೊಂಡು ಓಡಾಡ್ಲಾ?"

ಗುಮಾಸ್ತ ತಲೆ ಕೆರೆದುಕೊಂಡು ಹೊಸ ಸಾಲು ಗೀಚಿದ. ಗುರುತಿಗೆ ಏನಾದರೂ ಬೇಕಲ್ಲ, ಇನಿಷಿಯಲ್ ಹಾಕೋಣವೆಂದು ಅಪ್ಪಂದಿರ ಹೆಸರು ಕೇಳಿದ. ಇಬ್ಬರ ಅಪ್ಪಂದಿರ ಹೆಸರೂ ಒಂದೇ ಅಕ್ಷರದಿಂದ ಶುರು! ಪೆನ್ಸಿಲ್ಲನ್ನು ಮೇಜಿನ ಮೇಲೆ ಇಟ್ಟು, ಎರಡೂ ಕೈ ಮುಗಿದ. "ಹೋಗಿ ಸ್ವಾಮಿ, ಆಡ್ಕೊಳ್ಳಿ. ನಿಮ್ಮನ್ನ ನಾನು ಉದ್ದ, ಅಗಲ ಅಂತ ಬರ್ಕೋತೀನಿ."

ಆ ಬೆಳಗ್ಗೆ ಹುಲ್ಲು ಇನ್ನೂ ಒದ್ದೆಯಿತ್ತು. ಇಬ್ಬರೂ ಒಬ್ಬರ ಕಿವಿಗೊಬ್ಬರು ಬಟ್ಟೆಯ ಪಟ್ಟಿ ಸುತ್ತಿದರು. ಮುಂಸಾಲಿನಲ್ಲಿ ಮೂವರು ಅಪರಿಚಿತರು ಬಗ್ಗಿದರು. ಕೀಲಿ ಎಡಗಡೆ, ಬನ್ನು ಬಲಗಡೆ ತೋಳು ಬಿಗಿದು ತಲೆ ತೂರಿಸಿದರು. ಒಳಗೆ ಅದೇ ಕತ್ತಲು, ಪಕ್ಕದಲ್ಲಿ ಅದೇ ಯೀಸ್ಟಿನ ವಾಸನೆ.

"ಮೊಣಕಾಲು ಹೇಗಿದೆ ಬೀಗರೇ?"

"ಅದರ ಮಾತು ಬಿಡಿ. ನೀವು ನೂಕಿ."

ಚೆಂಡು ಒಳಗೆ ಬಂತು. ಎದುರಿನವರು ಗಟ್ಟಿಯಿದ್ದರು, ಒಂದು ಗೇಣು ಹಿಂದೆ ಸರಿಸಿದರು. ಅಂಚಿನಲ್ಲಿ ನಿಂತಿದ್ದ ತರಬೇತುದಾರರಿಗೆ ಲಾಕ್‌ಗಳಲ್ಲಿ ಒಬ್ಬನ ಬೆನ್ನು ಮೇಲೆದ್ದದ್ದು ಕಂಡಿತು. ಯಾರದೆಂದು ತಿಳಿಯಲಿಲ್ಲ. ಆ ಹೆಸರನ್ನೇ ಹಿಡಿದು, "ಲೇ, ಕೆಳಗೆ!" ಅಂತ ಗರ್ಜಿಸಿದರು.

ಇಬ್ಬರೂ ತನಗೇ ಅಂದರು ಅಂದುಕೊಂಡರು. ಇಬ್ಬರೂ ಕೆಳಗಿಳಿದರು. ಇವರ ಕಡೆಯ ಎಂಟು ಜನ ಮೂರು ಹೆಜ್ಜೆ ಮುಂದೆ ಹೋಗಿ ನಿಂತರು.