ಅವ್ವ ಮಲಗಿ ನೋಡಿದ ಮೂರು ಮನೆ

“ಅತ್ತಿಗಮ್ಮ ಗೋಡೆ ಒಳಗೆ ನಿದ್ದೆ ಮಾಡೋದಾ? ಅದು ಆಗೋ ಮಾತಲ್ಲ ಬುಡು ಮಗಾ” ಎಂದವರು ನಮ್ಮ ಚಿಕ್ಕಪ್ಪ ಕೆಂಚಪ್ಪ. ಅಪ್ಪನ ಬೆನ್ನಿಗೆ ಹುಟ್ಟಿದವರು. ಕುರಿಯ ವಿಚಾರದಲ್ಲಿ, ಮಳೆಯ ವಿಚಾರದಲ್ಲಿ, ಅವ್ವನ ವಿಚಾರದಲ್ಲಿ ಅವರ ಮಾತು ಸುಳ್ಳಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಆ ಮಾತನ್ನು ನೆನಪಿಗೆ ತಂದದ್ದು ಕಂಬಳಿಯ ವಾಸನೆ. ಮನೆಗೆ ಬಣ್ಣ ಬಳಿಸುತ್ತಿದ್ದೇನೆ. ಸಾಮಾನೆಲ್ಲ ಅಂಗಳದಲ್ಲಿದೆ. ನಾಲ್ಕು ಹನಿಗೆ ನೆನೆದಿದ್ದ ಅವ್ವನ ಕರಿ ಕಂಬಳಿಯನ್ನು ಬಿಸಿಲಿಗೆ ಹರವಿದೆ ನೋಡಿ, ಎದ್ದಿತು. ನೆನೆದ ಕಂಬಳಿಗೆ ಬಿಸಿಲು ತಾಗಿದಾಗ ಏಳುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದವರು ಅದನ್ನು ನಾತ ಎನ್ನುತ್ತಾರೆ. ತಿಪಟೂರಿನ ಹಾಸ್ಟೆಲಿನಲ್ಲಿದ್ದ ಕಾಲಕ್ಕೆ ನಾನೂ ಹಾಗೇ ಅಂದವಳು. ನನ್ನ ಪಾಲಿನ ಕಂಬಳಿಯನ್ನು ಟ್ರಂಕಿನ ತಳಕ್ಕೆ ತುರುಕಿ, ಮೇಲೆ ಪೌಡರು ಚಿಮುಕಿಸಿ, ಹೂವಿನ ಚಿತ್ರದ ತೆಳು ಬೆಡ್‌ಶೀಟು ಹೊದ್ದು ನಡುಗುತ್ತ ಮಲಗುತ್ತಿದ್ದೆ. ಮಲಗುತ್ತಿದ್ದದ್ದೂ ಕಡಿಮೆ. ನಮ್ಮ ಹಟ್ಟಿಯಲ್ಲಿ ನನಗಿಂತ ಮೊದಲು ಡಿಗ್ರಿ ಮುಖ ಕಂಡವರು ಯಾರೂ ಇರಲಿಲ್ಲ. ಗೊತ್ತಾಗದ ಪಾಠ ಕೇಳಲು ಹಿಂದೆ ಯಾರೂ ಇಲ್ಲದವರು ಪುಸ್ತಕದ ಜೊತೆ ನಿದ್ದೆಗೆಟ್ಟೇ ಮಾತಾಡಬೇಕು.

ನಮ್ಮದು ಹುಳಿಯಾರಿನ ಕಡೆಯ ಹಟ್ಟಿ. ಬೇಸಿಗೆ ಬಂದರೆ ಅಪ್ಪ ಅವ್ವ ಮಂದೆ ಹೊಡೆದುಕೊಂಡು ತೆಂಗಿನ ತೋಟಗಳ ದಿಕ್ಕಿಗೆ ಹೊರಡುತ್ತಿದ್ದರು. ಕುರಿ ಮಲಗಿ ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡವೆಂದು ತೋಟದವರೇ ಕರೆಯುತ್ತಿದ್ದರು. ಇವತ್ತು ಹೊನ್ನವಳ್ಳಿ, ನಾಡಿದ್ದು ಬಿಳಿಗೆರೆ. ತೋಟದೊಳಗೆ ರಾತ್ರಿ ಮಂದೆ ತರುಬಿ ಮಲಗಿಸುವ ಜಾಗ ಯಾವುದೆಂದು ಆರಿಸುವ ಕೆಲಸ ಅವ್ವನದು. ಅದಕ್ಕೆ ಅವಳದೇ ಒಂದು ಕ್ರಮ. ಕಂಬಳಿ ಹಾಸಿ ಒಂದು ಗಳಿಗೆ ಮಲಗಿಬಿಡುವುದು. ಆಮೇಲೆ ಎದ್ದು “ಇಲ್ಲಿ ಆಯ್ತದೆ” ಎನ್ನುವುದು, ಇಲ್ಲವೇ ಮಾತಾಡದೆ ಕಂಬಳಿ ಕೊಡವುವುದು. ಕಣ್ಣಿಗೆ ನೆಲ ಸುಳ್ಳು ಹೇಳಬಹುದು, ಬೆನ್ನಿಗೆ ಹೇಳೋಕಾಗಲ್ಲ ಎಂಬುದು ಅವಳ ವಾದ. ಅಪ್ಪ ಒಮ್ಮೆಯೂ ಎದುರಾಡಿದ್ದಿಲ್ಲ.

ಹೀಗೆ ಆಕಾಶದ ಕೆಳಗೆ, ಮಂದೆಯ ಪಕ್ಕದಲ್ಲಿ ಮಲಗಿ ಮಲಗಿ ಅವ್ವನಿಗೆ ಗೋಡೆಯೊಳಗೆ ನಿದ್ದೆಯೇ ಹತ್ತದಂತಾಯಿತು. ಅಪ್ಪ ತೀರಿಕೊಂಡು, ಕುರಿ ಚಿಕ್ಕಪ್ಪನ ಸುಪರ್ದಿಗೆ ಹೋಗಿ, ನಾನು ತಿಪಟೂರಿನ ಹೈಸ್ಕೂಲಿನಲ್ಲಿ ಟೀಚರಾಗಿ ಅವಳನ್ನು ಬಾಡಿಗೆ ಮನೆಗೆ ಕರೆತಂದೆ. ಬಾಗಿಲು ಹಾಕಿದರೆ ಎದ್ದು ಕೂರುವಳು. ತಾರಸಿಗೆ ಕಂಬಳಿ ಹೊತ್ತುಕೊಂಡು ಹೋದರೆ ಮನೆ ಮಾಲೀಕರು ಕೆಮ್ಮುವರು. ನಾಲ್ಕನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು, “ಹಟ್ಟಿಗೋಗಿ ಒಸಿ ನಿದ್ದೆ ಮಾಡ್ಕಂಡು ಬತ್ತೀನಿ ಕಣೇ” ಎಂದು ಹುಳಿಯಾರಿನ ಬಸ್ಸು ಹತ್ತುವಳು. ಜನ ಮದುವೆಗೆ, ತಿಥಿಗೆ ಊರಿಗೆ ಹೋಗುತ್ತಾರೆ. ನಮ್ಮವ್ವ ನಿದ್ದೆಗೆ ಹೋಗುತ್ತಿದ್ದಳು.

ನನಗೋ ಒಂದೇ ಹಟ. ಸ್ವಂತ ಮನೆ ಮಾಡಬೇಕು, ಅದರಲ್ಲಿ ಅವ್ವ ಇರಬೇಕು. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಮಹಬೂಬ್ ಸಾಹೇಬರ ಎರಡು ಕೋಣೆಯ ಮನೆ ಮಾರಾಟಕ್ಕಿತ್ತು. ಸಾಹೇಬರು ಟೈಲರು. ಇಬ್ಬರು ಗಂಡುಮಕ್ಕಳ ಮದುವೆಯಾಗಿ ಇದು ಸಾಲದೆ, ಮುಂದಿನ ಬೀದಿಯಲ್ಲಿ ದೊಡ್ಡದು ಕಟ್ಟಿಸಿದ್ದರು. “ಭಾನುವಾರದ ಒಳಗೆ ಹೂಂ ಅಥವಾ ಊಹೂಂ ಅಂದ್ಬಿಡಿ ಟೀಚರ್. ಬೇರೆಯವರೂ ಬಂದು ಹೋಗ್ತಾವ್ರೆ” ಎಂದಿದ್ದರು. ನನಗೆ ಹೂಂ ಎನ್ನುವ ಆಸೆ. ಆದರೆ ಅವ್ವ ಮಲಗದ ಮನೆ ಯಾಕೆ? ಅದನ್ನೇ ಚಿಕ್ಕಪ್ಪನ ಹತ್ತಿರ ಅಂದಾಗ ಬಂದದ್ದು ಆ ಮಾತು, ಆಗೋ ಮಾತಲ್ಲ ಬುಡು ಎಂಬುದು.

ಈ ನಡುವೆ ಟಿವಿಯ ಕತೆ. ಮೊಬೈಲಿಗೆ ಕ್ಯಾಮೆರಾ ಬರುವುದಕ್ಕೆ ಸ್ವಲ್ಪ ಮೊದಲಿನ ಕಾಲ. ಊರಿನ ಕೇಬಲ್ಲಿನಲ್ಲಿ ‘ಯಾವ ಮನೆ ನಿಮ್ಮನೆ?’ ಎಂಬ ಕಾರ್ಯಕ್ರಮ ಬರುತ್ತಿತ್ತು. ಮನೆ ಹುಡುಕುವವರನ್ನು ಒಂದೇ ದಿನದಲ್ಲಿ ಮೂರು ಮನೆಗೆ ಕರೆದೊಯ್ದು ತೋರಿಸುವುದು, ಕೊನೆಗೆ ಒಂದನ್ನು ಆರಿಸಿ ಎನ್ನುವುದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನು ನೋಡಿ ನಗುತ್ತಿದ್ದರು. ನಾನೂ ನಕ್ಕು, ಮನೆಗೆ ಬಂದು, ಫುಲ್‌ಸ್ಕೇಪ್ ಹಾಳೆಯಲ್ಲಿ ‘ಮಾನ್ಯರೇ’ ಎಂದು ಶುರುಮಾಡಿ ಎರಡು ಪುಟ ಅರ್ಜಿ ಬರೆದೆ. ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದು ಹಾಕುವುದನ್ನು ಮರೆಯಲಿಲ್ಲ.

ಸಾಹೇಬರ ಗಡುವಿಗೆ ಒಂದು ದಿನ ಉಳಿದಿದ್ದಾಗ, ಶನಿವಾರ, ಟಿವಿಯವರು ಬಂದೇ ಬಿಟ್ಟರು. ಡೈರೆಕ್ಟರು ಮಧು ಎಂಬ ಹುಡುಗ, ತಲೆಗೆ ಟೋಪಿ, ಜೊತೆಗೊಬ್ಬ ಕ್ಯಾಮೆರಾದವನು. ಒಂದು ಮನೆ ಮನಸ್ಸಿಗೆ ಬಂದಿದೆ ಎಂದು ನಾನು ನಿಜ ಹೇಳಿದೆ. “ಬಾಳಾ ಒಳ್ಳೇದು ಮೇಡಂ. ಅದನ್ನ ಕೊನೇಲಿ ಇಟ್ಕೊಳ್ಳೋಣ. ಮೊದಲೆರಡು ಮನೇಲಿ ಕೊಂಚ ಕನಸು ಕಾಣಿ ಸಾಕು” ಎಂದ. ಕನಸು ಕಾಣಿ ಎಂದು ಹೇಳಿ ಕರೆದೊಯ್ಯುವವರು ಜೀವನದಲ್ಲಿ ಎಷ್ಟು ಸಲ ಸಿಗುತ್ತಾರೆ ಹೇಳಿ. ನಾನು ಪದವಿ ಪ್ರದಾನದ ದಿನ ಉಟ್ಟಿದ್ದ ಸೀರೆ ಉಟ್ಟೆ. ಅವ್ವ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡಳು.

“ಅದ್ಯಾಕೆ?” ಎಂದೆ.

“ಮನೆ ನೋಡೋಕೆ ತಾನೆ ಹೋಗ್ತಿರೋದು?” ಎಂದಳು.

ಮೊದಲ ಮನೆ ರೈಲ್ವೆ ಸ್ಟೇಷನ್ನಿನ ಆಚೆಯ ಹೊಸ ಬಡಾವಣೆಯದು. ಹಾಲಿನಂಥ ನೆಲ. ಬಾಗಿಲು ತೆಗೆದರೆ ನಮ್ಮದೇ ನೆರಳು ತಲೆಕೆಳಗಾಗಿ ಎದುರು ಬರುತ್ತಿತ್ತು. ಕಿಟಕಿಯ ಬೆಳಕು ಒಂದು ಕೋಣೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹರಿದು ಹೋಗುತ್ತಿತ್ತು. ಖಾಲಿ ಮನೆಯಲ್ಲಿ ನಡೆಯುವುದೇ ಒಂದು ಸುಖ. ಇನ್ನೂ ಯಾರ ಬದುಕೂ ಬಂದು ಜಾಗ ಹಿಡಿದಿರುವುದಿಲ್ಲ. ಇಲ್ಲಿ ಪುಸ್ತಕದ ಬೀರು, ಇಲ್ಲಿ ಬೆತ್ತದ ಕುರ್ಚಿ ಎಂದು ಮನಸ್ಸಿನಲ್ಲೇ ಇಟ್ಟುಕೊಂಡು ನಡೆದೆ. “ಮೇಡಂ, ‘ವಾವ್’ ಅನ್ನಿ” ಎಂದ ಮಧು. ಅಂದೆ. ಏಳು ಸಲ ಅನ್ನಿಸಿದ. ಎಂಟನೆಯ ಸಲ ನನ್ನೊಳಗಿನ ಟೀಚರಿಗೆ ರೇಗಿ, “ಈ ಗೃಹದ ವಿನ್ಯಾಸವು ಅತ್ಯಂತ ಮನೋಹರವಾಗಿದೆ” ಎಂದುಬಿಟ್ಟೆ. ಅದನ್ನೇ ಪ್ರಸಾರ ಮಾಡಿದರು. ಶಾಲೆಯ ಮಕ್ಕಳು ಒಂದು ವರ್ಷ ಕಾಂಪೌಂಡಿನಾಚೆಯಿಂದ ಅದನ್ನು ನನಗೆ ಒಪ್ಪಿಸುತ್ತಿದ್ದರು.

ನನ್ನ ಬೆನ್ನ ಹಿಂದೆ ಅವ್ವ ನಡುಮನೆಯಲ್ಲಿ ಕಂಬಳಿ ಹಾಸಿ ಮಲಗಿದ್ದಳು.

“ಅಜ್ಜೀ, ಹುಷಾರಿಲ್ವಾ?” ಎಂದು ಮಧು ಓಡಿದ.

“ಹುಷಾರಾಗಿವ್ನಿ ಕಣಪ್ಪ. ನೋಡ್ತಾ ಇವ್ನಿ.”

“ಮಲ್ಕೊಂಡು ಏನ್ ನೋಡ್ತೀರಾ?”

“ನಿಂತ್ಕಂಡು ನೀನೇನ್ ಕಂಡೆ ಹೇಳು, ಆಮೇಲೆ ನಾನು ಹೇಳ್ತೀನಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕಂಬಳಿ ಕೊಡವಿದಳು. “ಈ ನೆಲ ನಮ್ಮ ಬಿಸೀನ ಈಸ್ಕಳಲ್ಲ. ಮಲಗಿದೋರು ಮಲಗಿದಂಗೇ ತಣ್ಣಗಾಗೋಯ್ತಾರೆ.” ಮಾರಲು ಬಂದಿದ್ದ ಮಾಲೀಕರು ನೀರು ಕುಡಿಯಲು ಹೊರಗೆ ಹೋದರು.

ನಾನು ನಾಚಿಕೆಯಿಂದ ಭೂಮಿಗಿಳಿದಿದ್ದೆ. ಕ್ಯಾಮೆರಾದವನು ಮಾತ್ರ ಅಲ್ಲಿಂದ ಮುಂದೆ ನನ್ನನ್ನು ಬಿಟ್ಟು ಅವ್ವನ ಹಿಂದೆ ಬಿದ್ದ.

ಎರಡನೆಯದು ಬಿಳಿಗೆರೆಯ ಹಳೆ ಮನೆ. ಅಣ್ಣತಮ್ಮಂದಿರು ಭಾಗವಾಗಿ ಮಾರಾಟಕ್ಕಿಟ್ಟಿದ್ದರು. ಟಿವಿಯವರ ಜೀಪು ನಿಂತ ಮೇಲೆ ಗೊತ್ತಾಯಿತು, ಈ ಮನೆಯವರ ತೋಟದಲ್ಲೇ ನಮ್ಮ ಮಂದೆ ಎಷ್ಟೋ ಬೇಸಿಗೆ ತರುಬಿತ್ತು. ಹಿಂದೆ ಅವ್ವ ಮಜ್ಜಿಗೆಗೆ ಚೊಂಬು ಹಿಡಿದು ಬಂದರೆ ಜಗಲಿಯ ಕಲ್ಲಿನ ಹತ್ತಿರ ನಿಲ್ಲುತ್ತಿದ್ದಳು. ಆವತ್ತೂ ಅಲ್ಲೇ ನಿಂತಳು. ಕಾಲು ತಾನಾಗಿ ನಿಂತಿತೇನೋ. ಮಧು ಒಳಗಿನಿಂದ “ಬನ್ನಿ ಅಜ್ಜೀ, ಧಾರಾಳವಾಗಿ ಬನ್ನಿ, ನಿಮ್ಮದೇ ಮನೆ ಅನ್ಕೊಳ್ಳಿ” ಎಂದ. ಆ ಹುಡುಗನಿಗೆ ತಾನು ಏನು ಹೇಳಿದೆನೆಂಬುದು ತಿಳಿದಿರಲಿಲ್ಲ. ಅವ್ವ ನನ್ನ ಕಡೆ ನೋಡಿದಳು. ನಾನು ಅವಳ ಕೈ ಹಿಡಿದು ಹೊಸಲು ದಾಟಿದೆ.

ಒಳಗೆ ನೀರಿನ ತಳದಂಥ ತಂಪು, ಮಬ್ಬು. ಹೆಂಚಿನ ಸಂದಿಯಿಂದ ಇಳಿದ ಒಂದೆರಡು ಬಿಸಿಲ ಕೋಲಿನಲ್ಲಿ ಧೂಳು ನಿಧಾನ ತೇಲುತ್ತಿತ್ತು. ಮೇಲೆ ಅಟ್ಟದ ತುಂಬ ಕಾಯಿ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೇರಿಸಿ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಅವ್ವ ಅಟ್ಟದ ಕೆಳಗೆ ಕಂಬಳಿ ಹಾಸಿ ಮಲಗಿದಳು. ನನಗೂ ಏನನಿಸಿತೋ, ಸೀರೆಯ ಇಸ್ತ್ರಿ ಮರೆತು ಪಕ್ಕದಲ್ಲಿ ಉರುಳಿದೆ. ಮೇಲೆ ಇಲಿಯೋ ಅಳಿಲೋ ಓಡಿ, ಒಂದು ಕಾಯಿ ಉರುಳಿ, ಅದರೊಳಗೆ ಗಿಟುಕು ಲೊಟಲೊಟ ಎಂದಿತು. ಹೊರಗೆ ನಿಂತು ಮಜ್ಜಿಗೆ ಇಸಿದುಕೊಂಡ ಮನೆಯ ನಡುಮಧ್ಯ ನಾವಿಬ್ಬರೂ ಮಲಗಿದ್ದೆವು. ಇದು ನಮ್ಮದು, ನಾಳೆ ಬೆಳಿಗ್ಗೆ ನಾನು ಈ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತೇನೆ ಎಂದೆಲ್ಲ ಮನಸ್ಸು ಎಲ್ಲೆಲ್ಲಿಗೋ ಹೋಯಿತು.

“ಅವ್ವಾ, ಹೆಂಗೈತೆ?” ಎಂದೆ ಪಿಸುಮಾತಿನಲ್ಲಿ. ಅವಳು ಹೂಂ ಎಂದರೆ ಏನು ಗತಿ ಎಂಬ ಭಯವೂ ಇತ್ತು. ಈ ಮನೆ ನನ್ನ ಕೈಗೆ ಎಟುಕುವುದಲ್ಲ.

ಅವಳು ಬಹಳ ಹೊತ್ತು ಅಟ್ಟ ನೋಡಿದಳು. “ಇದು ಕಾಯಿಗಳ ಮನೆ ಕಣೇ. ಮನುಷ್ಯರು ಇಲ್ಲಿ ಬಾಡಿಗೆಗವ್ರೆ” ಎಂದಳು. ಎದ್ದು ಕಂಬಳಿ ಕೊಡವಿದಳು. ಹೋಗುವಾಗ ಮಾತ್ರ ಜಗಲಿಯ ಆ ಕಲ್ಲಿನ ಮೇಲೆ ಒಂದು ನಿಮಿಷ ಆರಾಮಾಗಿ ಕೂತು, ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು ಎದ್ದಳು.

ಸಾಹೇಬರ ಮನೆಗೆ ಬರುವಾಗ ಮಧ್ಯಾಹ್ನ ಇಳಿದಿತ್ತು. ಸಣ್ಣ ಅಂಗಳ, ಅದರ ಮೂಲೆಯಲ್ಲಿ ಒಂದೇ ತೆಂಗಿನ ಮರ. ಮಂಡಿಯ ಕಡೆಯಿಂದ ಕೊಬ್ಬರಿಯ ಸಿಹಿ ಎಣ್ಣೆ ವಾಸನೆ. ಜಗಲಿಯಲ್ಲಿ ಸಾಹೇಬರು ಯೂನಿಫಾರಂ ಅಂಗಿಗಳ ರಾಶಿಯ ನಡುವೆ ಕೂತು ಕಾಲುಮಿಷನ್ ತುಳಿಯುತ್ತಿದ್ದರು. “ಬನ್ನಿ ಅಮ್ಮಾ, ನೋಡಿ. ನಾನಿದೊಂದು ಮುಗಿಸಿಬಿಡ್ತೀನಿ” ಎಂದರು. ಅವ್ವ ಒಳಕೋಣೆಗೆ ಹೋಗಿ ಕಂಬಳಿ ಹಾಸಿದಳು. ನಾನು ಹೊಸಲಿನ ಮೇಲೆ ಕೂತೆ. ನನ್ನ ಪರೀಕ್ಷೆಯ ಫಲಿತಾಂಶದ ದಿನ ಕಾಲೇಜಿನ ಬೋರ್ಡಿನ ಮುಂದೆ ನಿಂತಾಗಲೂ ನಾನು ಅಷ್ಟು ಕಾತರದಿಂದ ಕಾದಿರಲಿಲ್ಲ.

ಐದು ನಿಮಿಷ ಆಯಿತು. ಹತ್ತಾಯಿತು. ಕಂಬಳಿ ಕೊಡವುವ ಸದ್ದು ಬರಲಿಲ್ಲ. ಮಧು ಇಣುಕಿ ನೋಡಿ, “ಅಜ್ಜಿ ಆಕ್ಟಿಂಗ್ ಸೂಪರ್” ಎಂದ. ನಾನು ಹತ್ತಿರ ಹೋಗಿ ಬಗ್ಗಿದೆ. ಬಾಯಿ ಅರೆ ತೆರೆದಿತ್ತು. ಎಲೆ ಅಡಿಕೆಯ ಕೆಂಪು ಒಂದಿಷ್ಟು ತುಟಿಯ ಮೂಲೆಯಲ್ಲಿತ್ತು. ಆಕ್ಟಿಂಗ್ ಅಲ್ಲ. ನಾಲ್ಕು ಗೋಡೆಯ ನಡುವೆ, ಹಾಡಹಗಲೇ, ನಮ್ಮವ್ವ ಗಾಢ ನಿದ್ದೆ ಹೋಗಿದ್ದಳು.

ಯಾರೂ ಎಬ್ಬಿಸಲಿಲ್ಲ. ಸಾಹೇಬರ ಹೆಂಡತಿ ಜೀನತಮ್ಮ ಎಲ್ಲರಿಗೂ ಟೀ ಕೊಟ್ಟರು, ಲೋಟದ ಸದ್ದಾಗದಂತೆ. ಮಿಷನ್ನಿನ ಟಕಟಕ ಒಂದೇ ಸಮನೆ ನಡೆದಿತ್ತು. ಬಿಸಿಲು ಅಂಗಳ ದಾಟಿ ಮರವೇರತೊಡಗಿತು. ಬೆಳಕು ಹೋಗುತ್ತಿದೆ ಎಂದು ಕ್ಯಾಮೆರಾದವನು ಗೊಣಗಿದ ಮೇಲೆ, ಸೌಂಡ್ ಚೆನ್ನಾಗಿ ಬರಲೆಂದು ಮಧು ಸಾಹೇಬರಿಗೆ ಕೈಸನ್ನೆ ಮಾಡಿದ. ಮಿಷನ್ ನಿಂತಿತು.

ಅವ್ವ ಫಕ್ಕನೆ ಕಣ್ಣು ಬಿಟ್ಟಳು. “ಯಾಕೆ ನಿಂತ್ಕಂಡ್ವು?” ಎಂದಳು.

“ಏನವ್ವಾ?”

“ಕುರಿ. ಮೆಲುಕು ಹಾಕ್ತಿದ್ವಲ್ಲ?”

ಆಮೇಲೆ ಸುತ್ತ ನೋಡಿ, ಗೋಡೆ ಕಂಡು, ಜಗಲಿಯ ಮಿಷನ್ ಕಂಡು, ತನಗೆ ತಾನೇ ನಕ್ಕಳು. ಮಂದೆ ಮಲಗಿದ ಮೇಲೆ ನೂರು ಬಾಯಿ ಒಟ್ಟಿಗೆ ಮೆಲುಕು ಹಾಕುವ ಸದ್ದು ಕೇಳಿದವರಿಗೆ ಗೊತ್ತು, ಅದು ಗದ್ದಲವೂ ಅಲ್ಲ, ಮೌನವೂ ಅಲ್ಲ, ಮಿಷನ್ನಿನ ಹಾಗೆ ಒಂದೇ ಸಮನೆ ನಡೆಯುವಂಥದು. ಆ ಸದ್ದು ಇರುವ ತನಕ ತೋಳ ಬಂದಿಲ್ಲ ಎಂದು ಅರ್ಥ. ಇಷ್ಟು ವರ್ಷ ಅವಳ ನಿದ್ದೆಗೆ ಅಡ್ಡ ಬಂದದ್ದು ಗೋಡೆಯಲ್ಲ, ಗೋಡೆಯೊಳಗಿನ ಮೌನ. ಬಿ.ಎಡ್.ನ ಸೈಕಾಲಜಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ನನಗೆ ಅದು ಹೊಳೆದಿರಲಿಲ್ಲ.

ಮಧು ತಟ್ಟೆಯಲ್ಲಿ ಮೂರು ಬೀಗದ ಕೈ ಇಟ್ಟು, ಕ್ಯಾಮೆರಾದ ಮುಂದೆ ಹಿಡಿದು, “ಹೇಳಿ ಅಜ್ಜೀ, ಯಾವ ಮನೆ ನಿಮ್ಮನೆ?” ಎಂದ. ಅವ್ವ ತಟ್ಟೆ ನೋಡಲೇ ಇಲ್ಲ. ಸಾಹೇಬರ ಕಡೆ ತಿರುಗಿದಳು.

“ಮಿಷನ್ನೂ ತಕಂಡೋಯ್ತೀಯೇನಪ್ಪಾ?”

“ಹೌದಮ್ಮ, ಅದೇ ಅಲ್ವಾ ನಮ್ಮನ್ನ ಸಾಕೋದು.”

“ಅಂಗಾದ್ರೆ ಬ್ಯಾಡ. ಮಿಷನ್ ಇಲ್ದಿರೋ ಮನೆ ಕೊಟ್ರೆ ನಾನೇನ್ ಮಾಡ್ಲಿ? ನೀನು ಮಲಗೋಕೆ ಆ ಮನೆಗೋಗು. ಹೊಲಿಯೋಕೆ ಇಲ್ಲಿಗೆ ಬಾ. ಜಗಲಿ ನಿಂದೇ.”

ಸಾಹೇಬರು ಹೆಂಡತಿಯ ಮುಖ ನೋಡಿದರು. “ಗಿರಾಕಿಗಳೂ ಈ ಬಾಗಿಲನ್ನೇ ಬಲ್ಲವರು ಕಣ್ರೀ” ಎಂದರು ಜೀನತಮ್ಮ. ಅಷ್ಟೇ. ಭಾನುವಾರಕ್ಕೆ ಕಾಯದೆ ಶನಿವಾರವೇ ಮಾತು ಮುಗಿಯಿತು. ಮೂರು ಬೀಗದ ಕೈಗಳೂ ಯಾರೂ ಮುಟ್ಟದೆ ತಟ್ಟೆಯಲ್ಲೇ ಉಳಿದವು.

ಅಂದಿನಿಂದ ಇಂದಿನವರೆಗೆ ಮಿಷನ್ ಜಗಲಿಯಲ್ಲೇ ಇದೆ. ಮೋಟರ್ ಹಾಕಿಸಕೂಡದು ಎಂಬುದು ಅವ್ವನ ಕರಾರು. ಅದು ನಡೆಯುವ ಹೊತ್ತೇ ಅವಳ ನಿದ್ದೆಯ ಹೊತ್ತು, ರಾತ್ರಿಯ ಬಾಕಿಯನ್ನೂ ಮಧ್ಯಾಹ್ನವೇ ತೀರಿಸಿಕೊಳ್ಳುತ್ತಾಳೆ. ಇವತ್ತು ಬಣ್ಣದ ದೆಸೆಯಿಂದ ಅದಕ್ಕೆ ಟಾರ್ಪಾಲು ಹೊದಿಸಿದ್ದಾರೆ. ಅವ್ವನಿಗೆ ಮಧ್ಯಾಹ್ನದ ನಿದ್ದೆಯಿಲ್ಲ. ಅಂಗಳದಲ್ಲಿ ಕೂತು ಬಣ್ಣದವನಿಗೆ, “ಬಿರಬಿರನೆ ಬಳಿಯಪ್ಪ, ಸಾಹೇಬ ಬರಬೇಕು” ಎಂದು ಅವಸರ ಮಾಡುತ್ತಿದ್ದಾಳೆ.

ಬಣ್ಣದವನು ಈಗ ಎರಡು ಮೊಳೆ, ಗೋಡೆಯಿಂದ ಇಳಿಸಿದ್ದ ಎರಡು ಪಟ ಹಿಡಿದು ಬಂದು ಕೇಳುತ್ತಿದ್ದಾನೆ, ಇವೆರಡನ್ನೂ ಎಲ್ಲಿ ನೇತುಹಾಕಲಿ ಎಂದು. ಒಂದು ನನ್ನ ಡಿಗ್ರಿ. ಗಾಜು, ಕಟ್ಟು ಹಾಕಿಸಿ ನಡುಮನೆಯಲ್ಲಿಟ್ಟದ್ದು. ಇನ್ನೊಂದು ಟಿವಿಯವರು ಕೊಟ್ಟ ಲ್ಯಾಮಿನೇಷನ್ ಹಾಳೆ. ಬಂದವರು ನಕ್ಕಾರೆಂದು ಇಷ್ಟು ವರ್ಷ ನಾನೇ ಅಡುಗೆಮನೆ ಬಾಗಿಲ ಹಿಂದೆ ನೇತುಹಾಕಿದ್ದು. ಕಂಬಳಿಗೆ ಪೌಡರು ಚಿಮುಕಿಸಿದ ಹುಡುಗಿ ಎಲ್ಲೂ ಹೋಗಿರಲಿಲ್ಲ ನೋಡಿ. “ಎರಡೂ ನಡುಮನೆಗೆ. ಒಂದೇ ಎತ್ತರಕ್ಕೆ” ಎಂದೆ.

ಟಿವಿಯವರು ಆ ಹಾಳೆಯನ್ನು ಕೊಟ್ಟದ್ದು ಇದೇ ಅಂಗಳದಲ್ಲಿ, ನಾವು ಮನೆಗೆ ಬಂದ ವಾರಕ್ಕೆ. ಅತ್ತಿಗೆ ನಿಜಕ್ಕೂ ಮಲಗುತ್ತಾಳೋ ಎಂದು ಪರೀಕ್ಷಿಸಲು ಚಿಕ್ಕಪ್ಪ ಹಟ್ಟಿಯಿಂದ ಬಂದಿದ್ದರು. ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿ ನನಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ: ‘ಶ್ರೀಮತಿ ಕರಿಯಮ್ಮನವರು ತಮ್ಮ ಮನೆಯನ್ನು ತಾವೇ ಆರಿಸಿಕೊಂಡಿರುತ್ತಾರೆ.’

ಚಿಕ್ಕಪ್ಪ ತಲೆ ಕೆರೆದುಕೊಂಡರು. “ನಿದ್ದೆ ಮಾಡಿದ್ಕೂ ಸರ್ಟಿಫಿಕೇಟ್ ಕೊಡ್ತಾರೇನತ್ತಿಗಮ್ಮ?”

“ಊಂ ಕಣಪ್ಪ” ಎಂದಳು ಅವ್ವ. “ಇವಳು ಅಷ್ಟು ವರ್ಷ ನಿದ್ದೆಗೆಟ್ಟು ಒಂದು ತಂದ್ಲು. ನಾನು ಒಂದು ಮಧ್ಯಾಹ್ನ ನಿದ್ದೆ ಮಾಡಿ ಒಂದು ತಕಂಡೆ.”