ಡೀಸೆಲ್‌ನಲ್ಲಿ ನೆನೆಹಾಕಿದ ಪೈಪುಗಳು

ನನ್ನ ಯಜಮಾನರು ತೀರಿಕೊಂಡಾಗ ಅಂಗಳದಲ್ಲಿ ಒಂದು ಜೀಪು ಅರ್ಧ ರಿಪೇರಿಯಾಗಿ ನಿಂತಿತ್ತು. ಅದರ ಪೆಟ್ರೋಲ್ ಎಂಜಿನ್ನು ಕೆಟ್ಟು ಬಹಳ ದಿನವಾಗಿತ್ತು. ಅವರು ಹುಬ್ಬಳ್ಳಿಯ ಗುಜರಿಯಿಂದ ಯಾವುದೋ ಪಿಕಪ್ ಗಾಡಿಯ ಡೀಸೆಲ್ ಎಂಜಿನ್ನು ತಂದು, ಊರಿನ ಟ್ರ್ಯಾಕ್ಟರ್ ಮಿಸ್ತ್ರಿಯನ್ನು ಜೊತೆಗಿಟ್ಟುಕೊಂಡು ಜೀಪಿನಲ್ಲಿ ಕೂರಿಸಿದ್ದರು. ಬೋಲ್ಟು ಬಿಗಿದಾಗಿತ್ತು, ಗೇರು ಜೋಡಿಸಿಯಾಗಿತ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಡೀಸೆಲ್ ಹೋಗುವ ಪೈಪು ಮಾತ್ರ ಬಾಕಿ ಇತ್ತು. ಅಷ್ಟರಲ್ಲಿ ಅವರ ಪುಪ್ಪುಸಕ್ಕೆ ರೋಗ ಬಂತು. ಜೀಪು ಅಂಗಳದಲ್ಲಿ, ಅವರು ಪಡಸಾಲೆಯ ಮಂಚದ ಮೇಲೆ. ಕೊನೆಗೆ ಜೀಪೊಂದೇ ಉಳಿಯಿತು.

ನಾನು ಅಳಲಿಲ್ಲ. ತಡೆದುಕೊಂಡೆ ಎಂದಲ್ಲ, ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಹಾಕಿದ ಮೇಲೆ ಕೆನ್ನೆ ಇರುತ್ತದಲ್ಲ, ಮೈಯೆಲ್ಲ ಹಾಗಿತ್ತು. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತದೆ, ನನ್ನದೇ ಎಂದು ಗೊತ್ತಾಗುವುದಿಲ್ಲ. ಮಾತಾಡಿಸಲು ಬಂದವರು ನನ್ನ ಮುಖ ನೋಡಿ ನೋಡಿ ಬೇಸತ್ತು ತಾವೇ ಅತ್ತು ಹೋಗುತ್ತಿದ್ದರು. ನಾನು ಅವರಿಗೆ ಚಾ ಕೊಡುತ್ತಿದ್ದೆ.

ಒಂದು ದಿನ ಊಟಕ್ಕೆ ಕುಳಿತಾಗ ಮಗ ಹೊಲದ ಮಾತು ತೆಗೆದ. ಅವನು ನವಲಗುಂದದಲ್ಲಿ ನೌಕರಿಯಲ್ಲಿದ್ದಾನೆ. ಹೊಲ ನೋಡಿಕೊಳ್ಳುತ್ತಿದ್ದವರು ಅವನ ಅಪ್ಪ ಮತ್ತು ಅವನ ಹೆಂಡತಿ. ಸೊಸೆ ಡಿಗ್ರಿ ಓದಿ ಪೇಟೆಯಿಂದ ಬಂದವಳು. ಮದುವೆಯಾಗಿ ಬಂದಾಗ ಜೋಳಕ್ಕೂ ಕಬ್ಬಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವಳಿಗೆ ಕೂರಿಗೆ ಹಿಡಿಯುವುದನ್ನೂ ಜೀಪು ಓಡಿಸುವುದನ್ನೂ ಕಲಿಸಿದವರು ಮಾವನೇ.

"ಹೊಲ ಲಾವಣಿಗೆ ಕೊಟ್ಟಬಿಡೂಣು," ಎಂದ ಮಗ. "ವರ್ಷಕ್ಕಿಷ್ಟು ಅಂತ ರೊಕ್ಕ ಕೊಟ್ಟು ಯಾರರ ಮಾಡ್ಕೋತಾರ. ಅಪ್ಪ ಇದ್ದಾಗಿನ ಮಾತು ಬ್ಯಾರೆ. ಹಳ್ಳದ ಆಚೆ ಆ ಎರಿಮಣ್ಣಿನ ದಾರಿ ಹ್ಯಾಂಗೈತಿ ಗೊತ್ತೈತಲ್ಲ. ನಾಕ ಹನಿ ಬಿದ್ರ ಸ್ಕೂಟಿ ಗಾಲಿ ತಿರಗೂದಿಲ್ಲ. ಯಾರ ಹೋಗಾವ್ರು?"

"ನಾ ಹೋಗತೀನ್ರಿ," ಎಂದಳು ಸೊಸೆ.

"ಹಾರಕೋಂತ ಹೋಗ್ತಿಯೇನ?"

"ಜೀಪಿನಾಗ."

ಮಗ ನಕ್ಕ. "ಅದು ಚಾಲೂ ಆದಾಗ ಹೇಳು."

"ಆದ್ರ?"

"ಆದ್ರ ಹೊಲ ನಿಂದು. ಅಮಾಸಿ ಮುಗದ ಮರದಿನ ಲಾವಣಿ ಹಿಡಿಯಾಂವ ಮಾತಾಡಾಕ ಬರತಾನ. ಅಷ್ಟರಾಗ ಜೀಪು ಹೊಲಕ್ಕ ಹೋಗಿ ತಿರುಗಿ ಮನಿಗೆ ಬಂದಿರಬೇಕು. ಇಲ್ಲಂದ್ರ ಹೊಲ ಲಾವಣಿಗೆ, ಜೀಪು ಗುಜರಿಗೆ. ಅವ್ವಾ, ನೀ ಏನಂತಿ?"

ನಾನು ಹೂಂ ಎಂದೆ. ಆ ದಿನಗಳಲ್ಲಿ ಏನು ಕೇಳಿದರೂ ಹೂಂ. ಸೊಸೆಯ ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿದದ್ದನ್ನು ನೋಡಿದೆ. ಹೊಲ ಹೋದರೆ ಅವಳಿಗೆ ಈ ಮನೆಯಲ್ಲಿ ಒಲೆ ಬಿಟ್ಟು ಬೇರೆ ಏನೂ ಇರುವುದಿಲ್ಲ ಎಂದು ತಿಳಿಯಿತು. ತಿಳಿಯಿತು ಅಷ್ಟೆ. ಪೇಪರಿನಲ್ಲಿ ಓದಿದ ಸುದ್ದಿಯ ಹಾಗೆ.

ಮರುದಿನ ಮಿಸ್ತ್ರಿ ಬಂದ. ಯಜಮಾನರ ಜೊತೆ ಬೆಳೆದವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ಜೀಪಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ, ಹಳೆಯ ಪೆಟ್ರೋಲ್ ಪೈಪಿನ ಒಂದು ತುದಿಯಿಂದ ಗಾಳಿ ಊದಿದ. ಇನ್ನೊಂದು ತುದಿಯಿಂದ ಕೆಂಪು ತುಕ್ಕಿನ ಪುಡಿ ಬಿತ್ತು.

"ಇದು ಪಂಪಿನಾಗ ಹೋದ್ರ ಎಂಜಿನ್ ಮುಗೀತು. ಎಲ್ಲಾ ಹೊಸಾದ ಬೇಕು," ಎಂದ. "ಮತ್ತ ಒಂದಲ್ಲ, ಎರಡು ಪೈಪು."

"ಎರಡು ಯಾಕ ಕಾಕಾ?" ಎಂದಳು ಸೊಸೆ. "ಮೊದಲ ಒಂದ ಇತ್ತಲ್ಲ."

"ಅದು ಪೆಟ್ರೋಲಿಂದು. ಡೀಸೆಲ್ ಎಂಜಿನ್ ತನಗ ಬೇಕಾದಕ್ಕಿಂತ ಜಾಸ್ತಿ ಎಳಕೋತೈತಿ. ಸುಟ್ಟಷ್ಟು ಸುಟ್ಟು ಉಳದದ್ದು ತಿರುಗಿ ಟ್ಯಾಂಕಿಗೆ ಕಳಸತೈತಿ. ಹೋಗೂ ದಾರಿ ಒಂದು, ಬರೂ ದಾರಿ ಒಂದು."

"ಊಟಕ್ಕ ಕುಂತ ನಿನ್ನಂಗ," ಎಂದೆ ನಾನು. "ಎಲ್ಲಾ ನೀಡಿಸಿಕೊಂಡು ಅರ್ಧ ಬಿಡತಿ."

"ವೈನಿ ಮಾತಾಡಿದ್ರು," ಎಂದು ಮಿಸ್ತ್ರಿ ಕೆಳಗಿನಿಂದಲೇ ಸೊಸೆಗೆ ಹೇಳಿದ. ಅವಳು ನನ್ನನ್ನು ನೋಡಿದಳು. ಬಾಯಿ ತಾನಾಗಿ ಆಡಿತ್ತು. ಒಳಗಿನಿಂದ ಏನೂ ಎದ್ದಿರಲಿಲ್ಲ.

ಗಾಡಿಯ ಕೆಳಗೆ ಉದ್ದಕ್ಕೂ ಉಕ್ಕಿನ ಸಣ್ಣ ಪೈಪು, ಎಂಜಿನ್ನು ನಡುಗುವ ಕಡೆ ಮಾತ್ರ ಮೋಟು ರಬ್ಬರು ಎಂದು ಲೆಕ್ಕವಾಯಿತು. ಉಕ್ಕು ಸಿಕ್ಕಿತು. ತೊಂದರೆಯಾದದ್ದು ರಬ್ಬರಿನದು. ಸೊಸೆ ಅಣ್ಣಿಗೇರಿಯಿಂದ ಮೂರು ಅಂಗಡಿಯ ಮೂರು ತುಂಡು ತಂದಳು. ಮೂರೂ ಕಪ್ಪು, ಮೂರೂ ಒಂದೇ ದಪ್ಪ, ಮೂವರು ಅಂಗಡಿಯವರೂ ಒರಿಜಿನಲ್ ಎಂದೇ ಆಣೆ ಮಾಡಿದ್ದರು. ಮಿಸ್ತ್ರಿ ಬಗ್ಗಿಸಿ ನೋಡಿದ, ಮೂಸಿದ, ಒಂದನ್ನು ಕಚ್ಚಿಯೂ ನೋಡಿದ.

"ಡೀಸೆಲ್ ತಡೀತೈತೋ ಇಲ್ಲೋ ಹಾಕಿದ ಮ್ಯಾಲೇ ಗೊತ್ತಾಗೂದು," ಎಂದ.

ನನಗೆ ಮಾಡಲು ಕೆಲಸವಿರಲಿಲ್ಲ. ಒಳಗೆ ಹೋಗಿ ಉಪ್ಪಿನಕಾಯಿಯ ಮೂರು ಗಾಜಿನ ಬರಣಿ ತೊಳೆದು ಒಣಗಿಸಿದೆ. ಒಂದೊಂದರಲ್ಲಿ ಒಂದೊಂದು ತುಂಡು ಹಾಕಿ, ಮುಳುಗುವಷ್ಟು ಡೀಸೆಲ್ ಹೊಯ್ದು, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹುಳಿ ಯಾವ ಕಾಯನ್ನು ಮೆತ್ತಗೆ ಮಾಡುತ್ತದೆ, ಯಾವುದು ಗಟ್ಟಿ ಉಳಿಯುತ್ತದೆ ಎಂದು ಜೀವಮಾನವೆಲ್ಲ ಹೀಗೇ ನೋಡಿದ್ದೇನೆ. ರಬ್ಬರಿಗೇನು ಬೇರೆ ಶಾಸ್ತ್ರವೇ?

ಆ ವಾರದಲ್ಲೇ ಯಮನೂರಿನಿಂದ ಯಜಮಾನರ ಅಕ್ಕ ನನ್ನನ್ನು ಮಾತಾಡಿಸಲು ಬಂದರು. ಅತ್ತರು, ಮೂಗು ಒರೆಸಿಕೊಂಡರು, ಕಿಟಕಿಯ ಕಡೆ ನೋಡಿದರು.

"ಏನಬೇ ಇದು? ಅಂವ ಹೋಗಿ ಇನ್ನಾ ತಿಂಗಳಾಗಿಲ್ಲ, ಉಪ್ಪಿನಕಾಯಿ ಹಾಕೀಯೇನು?"

"ಹೌದ್ರಿ ಅಕ್ಕಾರ."

"ಯಾತರದು? ಹಿಂಗ್ಯಾಕ ಕರ್ರಗೈತಿ?"

"ನಿಮ್ಮ ತಮ್ಮಗ ಭಾಳ ಸೇರತಿತ್ತರಿ ಇದು. ರುಚಿ ನೋಡ್ತೀರೇನು?"

ಅಡುಗೆಮನೆಯಲ್ಲಿ ಸೊಸೆಗೆ ಕೆಮ್ಮು ಬಂತು. ಅಕ್ಕನವರು ಬರಣಿಯ ಬಟ್ಟೆ ಬಿಚ್ಚಿ ಮೂಸಿ, ನನ್ನನ್ನು ಬಹಳ ಹೊತ್ತು ನೋಡಿ, ಹೊರಡುವಾಗ ಮಗನಿಗೆ ಮೆಲ್ಲಗೆ ಹೇಳಿದರು: "ನಿಮ್ಮವ್ವನ್ನ ಧಾರವಾಡಕ್ಕ ಕರಕೊಂಡು ಹೋಗಿ ಚೊಲೋ ಡಾಕ್ಟರಿಗೆ ತೋರ್ಸು."

ನಾಲ್ಕಾರು ದಿನಕ್ಕೆ ಬರಣಿಗಳು ಮಾತಾಡಿದವು. ಮೊದಲನೆಯ ತುಂಡು ಉಬ್ಬಿ, ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿಯಂತೆ ಮೆತ್ತಗಾಯಿತು. ಅದು ನೀರಿನ ಪೈಪೇ. ಎರಡನೆಯದು ಆಕಾರ ಬಿಡಲಿಲ್ಲ, ಆದರೆ ಡೀಸೆಲ್ಲಿಗೆ ಮಸಿ ಬಿಟ್ಟಿತು. ಮೂರನೆಯದರ ಒಳಗೆ ನೂಲು ಹೆಣೆದಿತ್ತು. ಅದು ಹಾಕಿದಂತೇ ಇತ್ತು. ಮಿಸ್ತ್ರಿ ಅದನ್ನು ಹಿಂಡಿ, ಉಗುರು ಒತ್ತಿ, "ಇದ ಹಾಕೂಣು," ಎಂದ. ಅಮಾವಾಸ್ಯೆ ಹತ್ತಿರ ಬಂದಿತ್ತು.

ತಿರುಗಿ ಬರುವ ಪೈಪಿಗೆ ಟ್ಯಾಂಕಿನಲ್ಲಿ ಬಾಯಿಯೇ ಇರಲಿಲ್ಲ. ವೆಲ್ಡಿಂಗ್ ಮಾಡಿಸೋಣ ಎಂದಳು ಸೊಸೆ. ಪೆಟ್ರೋಲು ಕುಡಿದ ಟ್ಯಾಂಕಿಗೆ ಬೆಂಕಿ ತೋರಿಸುವುದಿಲ್ಲ, ತನಗೂ ಹೆಂಡತಿ ಮಕ್ಕಳಿದ್ದಾರೆ ಎಂದ ಮಿಸ್ತ್ರಿ. ಟ್ಯಾಂಕಿನ ಮೇಲೆ, ಎಣ್ಣೆ ಎಷ್ಟಿದೆ ಎಂದು ತೋರಿಸುವ ತೇಲುಮುಳ್ಳಿನ ದುಂಡು ತಗಡು ಇತ್ತು. ಅದನ್ನು ಬಿಚ್ಚಿಕೊಂಡು ಹೋಗಿ, ತೂತು ಹಾಕಿ, ಒಂದು ಮೂತಿ ಬಿಗಿದು ತಂದ.

ಎಲ್ಲ ಹೊಸದು ಬೇಕು ಎಂದು ಮಿಸ್ತ್ರಿ ಹೇಳಿದ್ದರೂ ಒಂದು ತುಂಡು ಹಳೆಯದು ಉಳಿಯಿತು. ಟ್ಯಾಂಕಿನ ಪಕ್ಕದಲ್ಲಿ ಕಬ್ಬಿಣದ ಅಡ್ಡಪಟ್ಟಿಯನ್ನು ಬಳಸಿ ಹೋಗುವ ಮೊಳದುದ್ದದ ತಾಮ್ರದ ಪೈಪು. ಹಾಸಿಗೆ ಹಿಡಿಯುವ ಮುಂಚೆ ಯಜಮಾನರು ಅದರೊಳಗೆ ಉಸುಕು ತುಂಬಿ, ಚಪ್ಪಟೆಯಾಗದಂತೆ ಮೊಣಕಾಲಿಗೆ ಕೊಟ್ಟು ಬಗ್ಗಿಸಿ ಕೂರಿಸಿದ್ದರು. ಅವತ್ತು ಉಸುಕು ತುಂಬಿಕೊಟ್ಟವಳು ಸೊಸೆಯೇ.

"ಇದನ್ನೂ ತಗಿಯೂಣು," ಎಂದ ಮಿಸ್ತ್ರಿ. "ತಾಂಬ್ರ ಅಲಗಾಡಿ ಅಲಗಾಡಿ ಬಿರಿತೈತಿ."

"ಮಾವಾರು ಮಾಡಿದ್ದು ಕಾಕಾ. ಅದೊಂದ ಇರಲಿ."

ಅವನು ನನ್ನ ಕಡೆ ನೋಡಿದ. ನಾನು ಹೂಂ ಎಂದೆ. ಹಾಗೇ ಬಿಟ್ಟ.

ಡೀಸೆಲ್ ಹಾಕಿದರು. ಪೈಪಿನೊಳಗಿನ ಗಾಳಿ ಹೊರಹಾಕಲು ಫಿಲ್ಟರಿನ ಮೇಲಿನ ಕೈಪಂಪನ್ನು ಒತ್ತಿ ಒತ್ತಿ ಸೊಸೆಯ ಹೆಬ್ಬೆರಳು ಕೆಂಪಾಯಿತು. ಬೋಲ್ಟು ಸಡಿಲಿಸಿದಾಗ ಮೊದಲು ನೊರೆ ಬಂತು, ಆಮೇಲೆ ತಿಳಿಯಾದ ಡೀಸೆಲ್ಲು. ಕೀಲಿ ತಿರುವಿದಳು. ಕಪ್ಪು ಹೊಗೆ ಬಂತು, ಕೋಳಿಗಳು ಓಡಿದವು, ಎಂಜಿನ್ನು ಹತ್ತಿತು. ಸೊಸೆ ಸ್ಟೇರಿಂಗಿಗೆ ಹಣೆ ಹಚ್ಚಿದಳು. ಅವಳು ಹಣೆ ಎತ್ತುವ ಹೊತ್ತಿಗೆ ಎಂಜಿನ್ನು ಗಕ್ಕೆಂದು ನಿಂತಿತ್ತು.

ಅಂದು ಸಂಜೆಯವರೆಗೂ ಇದೇ ಆಟ. ಹತ್ತುವುದು, ಒಂದು ಚಾ ಕುದಿಯುವಷ್ಟು ಹೊತ್ತು ಓಡುವುದು, ಸಾಯುವುದು. ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿ ಬಿದ್ದಿರಲಿಲ್ಲ.

"ಸೋರಿಲ್ಲಲ್ಲ, ಮತ್ತ ಏನಾಗೈತಿ?" ಎಂದಳು ಸೊಸೆ.

"ಎಳಿಯೂ ಕಡೆ ತೂತಿದ್ರ ಹೊರಗ ಸೋರೂದಿಲ್ಲವ್ವಾ. ಒಳಗ ಗಾಳಿ ಎಳಕೋತೈತಿ. ಎಲ್ಲೆ ಅಂತ ಹ್ಯಾಂಗ ಹೇಳ್ಲಿ? ಪಾರದರ್ಶಕ ಪೈಪಿದ್ರ ಗುಳ್ಳಿ ಕಾಣತಾವ. ನಾಳೆ ಅಮಾಸಿ, ಅಂಗಡಿ ಎಲ್ಲಾ ಬಂದ್."

ಅಮಾವಾಸ್ಯೆಯ ಬೆಳಿಗ್ಗೆ ಅವನು ಬಂದಾಗ ನಾನು ಪಡಸಾಲೆಯ ಟ್ರಂಕು ತೆಗೆದು ಯಜಮಾನರ ಆಕ್ಸಿಜನ್ ನಳಿಗೆ ತಂದೆ. ಮಶೀನು ಬಾಡಿಗೆಯದು, ಅದು ತಿರುಗಿ ಹೋಗಿತ್ತು. ನಳಿಗೆ ನಮ್ಮದು.

ಸೊಸೆ ಹಿಂದಕ್ಕೆ ಸರಿದಳು. "ಅತ್ತ್ಯಾರ, ಅದು ಬ್ಯಾಡ್ರಿ."

"ಯಾಕ? ಇದ್ರಾಗ ಗಾಳಿ ಬಿಟ್ಟು ಬ್ಯಾರೆ ಏನೂ ಹೋಗಿಲ್ಲ."

ಮೂಗಿಗೆ ಹಾಕುವ ತುದಿಯನ್ನು ಕತ್ತರಿಯಿಂದ ಕತ್ತರಿಸಿದೆ. ಬಾಯಿ ಸಣ್ಣದಾಗಿತ್ತು. ಬಿಸಿನೀರಿನಲ್ಲಿ ಅದ್ದಿ ಹಿಗ್ಗಿಸಿ ಕೊಟ್ಟೆ. ಮಿಸ್ತ್ರಿ ಅದನ್ನು ತೆಗೆದುಕೊಳ್ಳುವಾಗ ನನ್ನ ಕಡೆ ನೋಡಲಿಲ್ಲ.

ಮೊದಲು ಫಿಲ್ಟರಿನ ಹತ್ತಿರ ಜೋಡಿಸಿದ. ಎಂಜಿನ್ನು ಓಡುವಷ್ಟು ಹೊತ್ತೂ ಗುಳ್ಳೆಗಳು ಇರುವೆಯ ಸಾಲಿನಂತೆ ಬಂದವು. ಹಿಂದಕ್ಕೆ ಹೋಗಿ, ಉಕ್ಕಿನ ಪೈಪು ತಾಮ್ರಕ್ಕೆ ಕೂಡುವಲ್ಲಿ ಇಟ್ಟ. ಅಲ್ಲೂ ಗುಳ್ಳೆ. ಟ್ಯಾಂಕಿಗೂ ತಾಮ್ರಕ್ಕೂ ನಡುವೆ ಇಟ್ಟ. ಅಲ್ಲಿ ಡೀಸೆಲ್ಲು ತಿಳಿಯಾಗಿ, ನಿಂತ ನೀರಿನಂತೆ, ಒಂದೂ ಗುಳ್ಳೆ ಇಲ್ಲದೆ ಹೋಗುತ್ತಿತ್ತು. ಗಾಳಿ ಹೊಕ್ಕುತ್ತಿದ್ದದ್ದು ತಾಮ್ರದ ತುಂಡಿನಲ್ಲೇ.

ತಾಮ್ರದ ತುಂಡನ್ನು ಬಿಚ್ಚಿ ಸೊಸೆಯ ಕೈಗೆ ಕೊಟ್ಟ. ಅಗಲಿಸಿದ ಬಾಯಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು.

"ಬೆಸಿಗಿ ಹಾಕಾಕ ಬರೂದಿಲ್ಲೇನು ಕಾಕಾ?"

"ಹಾಕಬೌದು. ಆದ್ರ ಹೊಲದ ದಾರ್ಯಾಗ ಮತ್ತ ಬಿರಿತೈತಿ. ನೀ ಒಬ್ಬಾಕೀನ ಇರ್ತಿ ಅಲ್ಲೆ."

ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಬಾಗಿದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಳು. "ಅತ್ತ್ಯಾರ, ನೀವ ಹೇಳ್ರಿ," ಎಂದಳು.

ಇಬ್ಬರೂ ನನಗಾಗಿ ಕಾದರು. ನಾನು ಅತ್ತರೆ ಅದನ್ನು ಉಳಿಸಿಕೊಳ್ಳಬಹುದು ಎಂದು ಅವಳು ಕಾದಿದ್ದಳೋ ಏನೋ. ನನ್ನೊಳಗೆ ಹುಡುಕಿ ನೋಡಿದೆ. ಆ ಪೈಪು ನನಗೆ ಪೈಪಾಗಿಯೇ ಕಂಡಿತು.

"ಅವರಿಗೇನ ಇನ್ನ ಹೊಲಕ್ಕ ಹೋಗೂದೈತಿ?" ಎಂದೆ. "ಹೋಗೂದು ನಿನಗೈತಿ. ಉಕ್ಕಿಂದ ಹಾಕಸು."

ಅವಳ ಬಾಯಿ ಸೊಟ್ಟಗಾಯಿತು. ಜೀಪಿನ ಗಾಲಿಗೆ ಬೆನ್ನು ಕೊಟ್ಟು ಕುಳಿತು ಅತ್ತಳು. ಮಾವ ಹೋದ ದಿನ ಬಂದವರಿಗೆಲ್ಲ ನೀರು ಕೊಡುತ್ತ ಓಡಾಡಿದ್ದಳು. ಅವಳನ್ನು ಯಾರೂ ಕೂರಿಸಿ ಮಾತಾಡಿಸಿರಲಿಲ್ಲ. ಸೊಸೆಯಲ್ಲವೇ, ಮಗಳಲ್ಲವಲ್ಲ. ನಾನು ಪಕ್ಕದಲ್ಲಿ ಕುಳಿತೆ. ಸೆರಗು ಕೊಟ್ಟೆ. ಮಿಸ್ತ್ರಿ ತನಗೆ ಬೇಕಿಲ್ಲದ ಸ್ಪ್ಯಾನರನ್ನು ಬಹಳ ಹೊತ್ತು ಹುಡುಕಿದ.

"ಮೂಗ ಒರಸಕೊ," ಎಂದೆ ಕೊನೆಗೆ. "ನನ್ನ ಸೀರಿಗೆ ಅಲ್ಲಬೇ, ಮಿಸ್ತ್ರಿ ಚಿಂದಿಗೆ."

ಉಳಿದಿದ್ದ ಉಕ್ಕಿನ ಪೈಪನ್ನು ಅವಳೇ ಬಗ್ಗಿಸಿದಳು. ಮೊದಲನೆಯದು ಸೊಟ್ಟಾಯಿತು, ಎರಡನೆಯದು ಕೂತಿತು. ಹೊತ್ತು ಮುಳುಗುವ ಮುಂಚೆ ಎಂಜಿನ್ನು ಹತ್ತಿತು. ನಾವು ಚಾ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಓಡುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಲಾವಣಿಯವನು ಬರುವ ಮುಂಚೆಯೇ ನಾವಿಬ್ಬರೂ ಹೊರಟೆವು. ಹಳ್ಳದ ಉಸುಕಿನಲ್ಲಿ ಗಾಲಿ ಸ್ವಲ್ಪ ಹೂತುಕೊಂಡಿತು, ಎಂಜಿನ್ನಿನ ಸದ್ದು ಇಳಿಯಿತು. ಸೊಸೆ ನನ್ನ ಮುಖ ನೋಡಿದಳು.

"ನನ್ನ ಏನ ನೋಡತಿ? ದಾರಿ ನೋಡು," ಎಂದೆ.

ಅವಳು ಗೇರು ಇಳಿಸಿದಳು. ಜೀಪು ದಡ ಹತ್ತಿತು. ಹೊಲದ ಬದುವಿನ ತನಕ ಹೋಗಿ, ನಿಲ್ಲಿಸದೆ ಒಂದು ಸುತ್ತು ಹಾಕಿಸಿ ತಿರುಗಿ ಬಂದೆವು. ಲಾವಣಿಯವನು ಕಟ್ಟೆಯ ಮೇಲೆ ಕುಳಿತು ಚಾ ಕುಡಿಯುತ್ತಿದ್ದ. ಮಾತುಕತೆ ಇನ್ನೂ ಶುರುವಾಗಿರಲಿಲ್ಲ. ಮಗ ಎದ್ದು ಬಂದು ಜೀಪಿನ ಕೆಳಗೆ ಬಗ್ಗಿ ನೋಡಿದ, ಗಾಲಿಯ ಮಣ್ಣು ಮುಟ್ಟಿ ನೋಡಿದ. ಎರೆಮಣ್ಣೇ ಹೌದು.

"ಹೊಲ ಕೊಡೂದಿಲ್ರಿ," ಎಂದ ಅವನಿಗೆ. "ಮಾಡಾವ್ರು ಮನ್ಯಾಗ ಅದಾರ."

ಈಗ ಇದನ್ನು ಫೋನಿನಲ್ಲಿ ಒಂದು ಬೆರಳಿನಿಂದ ಬರೆಯುತ್ತಿದ್ದೇನೆ. ಕಲಿಸಿದವಳು ಸೊಸೆಯೇ. ನನಗೆ ಇನ್ನೂ ಅಳು ಬಂದಿಲ್ಲ. ಬರದಿದ್ದರೆ ಬಿಡಲಿ, ನಾನು ಅದರ ಹಿಂದೆ ಬೀಳುವುದಿಲ್ಲ. ನಿನ್ನೆ ಮೊದಲ ಮಳೆ ಬಿತ್ತು. ಇಂದು ಬೆಳಿಗ್ಗೆ ಸೊಸೆ ಬೀಜದ ಚೀಲಗಳನ್ನು ಜೀಪಿನಲ್ಲಿ ಹೇರಿ ಬಂದು ನನ್ನ ಮುಂದೆ ನಿಂತಳು.

"ಅತ್ತ್ಯಾರ, ಹಳ್ಳದ ಕಡಿ ಪಟ್ಟಿಗೆ ಹೆಸರು ಬಿತ್ತೂಣೋ, ಶೇಂಗಾ ಬಿತ್ತೂಣೋ?"

"ನನ್ನ ಯಾಕ ಕೇಳತಿ? ಹೊಲ ನಿಂದು."

ಅವಳು ಹೆಸರುಕಾಳು ಎಂದಳು. ನಾನಾಗಿದ್ದರೆ ಶೇಂಗಾ ಹಾಕುತ್ತಿದ್ದೆ. ಹೇಳಲಿಲ್ಲ. ರೊಟ್ಟಿಯ ಗಂಟು ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕುಳಿತೆ.